ನನ್ನ ಸಾಫ್ಟ್‌ವೇರಿನಲ್ಲಿ ಅಕ್ಕಿ ಹೆಚ್ಚಾದದ್ದು

ಇವತ್ತು ನಾನು ಮಾಡಿದ ಕೆಲಸಗಳು ಇಂತಿವೆ: ಹಾಲು ಕಾಯಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ನಮ್ಮವರ ಬಿಳಿ ಪ್ಯಾಂಟಿನ ಮಂಡಿಗೆ ಹತ್ತಿದ ಕೆಂಪು ಧೂಳು ತಿಕ್ಕಿದೆ, ಹೋಗಲಿಲ್ಲ. ಅಕ್ಕಿ ಹೆಚ್ಚಾಗಿದ್ದರಿಂದ ಡಬ್ಬಿ ತೊಳೆದು ಬಿಸಿಲಿಗೆ ಬೋರಲು ಹಾಕಿದೆ. ಅಂಗಡಿಗೆ ಹೋಗಿ ಒಂದು ಗೃಹಪ್ರವೇಶದ ಕಾರ್ಡು ಟೈಪ್ ಮಾಡಿದೆ. ಆಮೇಲೆ ಕಂಪ್ಲಿಗೆ ಹೋಗಿ, ನನ್ನ ಸಾಫ್ಟ್‌ವೇರ್ ಕಂಪನಿಯನ್ನು ಮುಗಿಸಿ, ಸಂಜೆಯ ಬಸ್ಸಿಗೆ ಹೊಸಪೇಟೆಗೆ ವಾಪಸು ಬಂದೆ.

ಕಂಪನಿ ಹುಟ್ಟಿದ್ದು ಹೊಟ್ಟೆಕಿಚ್ಚಿನಿಂದ. ಮುಚ್ಚುಮರೆ ಏಕೆ?

ನನ್ನ ನೆಗೆಣ್ಣಿ ಸವಿತಾ, ಅಂದರೆ ನನ್ನ ಮೈದುನನ ಹೆಂಡತಿ, ಸಂಡೂರಿನಲ್ಲಿ ಸಣ್ಣ ಸಣ್ಣ ಕಂಪನಿಗಳಿಗೆ ಸಾಫ್ಟ್‌ವೇರ್ ಹಾಕಿಕೊಡುತ್ತಾಳೆ. ಯಶವಂತನಗರದ ಲಾರಿ ಆಫೀಸು, ಹಂಪಿಯ ಲಾಡ್ಜು, ಎಲ್ಲ ಕಡೆ ಅವಳದೇ. ನಾನು ಹೊಸಪೇಟೆಯಲ್ಲಿ ಮದುವೆ ಕಾರ್ಡು, ಅರ್ಜಿ, ಕರಪತ್ರ ಟೈಪ್ ಮಾಡುವ ಅಂಗಡಿ ಇಟ್ಟು ಕೂದಲು ಬೆಳ್ಳಗಾಗಿದೆ. ಹೋದ ತಿಂಗಳು ಅತ್ತೆಯ ಮನೆಯಲ್ಲಿ ನಾದಿನಿಯ ಮಗುವಿಗೆ ಹೆಸರಿಡುವ ಕಾರ್ಯ ಇತ್ತು. ಬಂದ ಬೀಗರಿಗೆ ನಮ್ಮ ಅತ್ತೆ ಸೊಸೆಯಂದಿರನ್ನು ಪರಿಚಯಿಸಿದರು.

"ಇಕಿ ನಮ್ಮ ಸಾಫ್ಟ್‌ವೇರು. ಇಕಿ ನಮ್ಮ ಟೈಪಿಂಗು."

ಟೈಪಿಂಗು ಒಳಗೆ ಹೋಗಿ ಪಾಯಸಕ್ಕೆ ಎರಡನೆಯ ಸಲ ಸಕ್ಕರೆ ಹಾಕಿತು.

ಊಟವಾದ ಮೇಲೆ, ಏನೂ ಗೊತ್ತಿಲ್ಲದವಳ ಹಾಗೆ ಸವಿತಾಳನ್ನು ಕೇಳಿದೆ: "ಅಲ್ಲವ್ವಾ, ಆ ಸಾಫ್ಟ್‌ವೇರ್ ನೀನ ಬರೀತಿಯೇನು?"

"ಇಲ್ಲಕ್ಕಾ, ಓಪನ್ ಸೋರ್ಸು. ಯಾರೋ ಪುಣ್ಯಾತ್ಮರು ಬರ್ದು ಜಗತ್ತಿಗೆ ಬಿಟ್ಟಿರ್ತಾರ. ನಾವು ತಗೊಂಡು, ಗಿರಾಕಿಗೆ ಹೊಂದೋ ಹಂಗ ತಿದ್ದಿ ಕೊಡೋದು. ಸಾಫ್ಟ್‌ವೇರ್ ಪುಕ್ಕಟೆ, ದುಡಿಮೆಗೆ ರೊಕ್ಕ. ನಾವು ತಿದ್ದಿದ್ದನ್ನೂ ಕೇಳಿದವ್ರಿಗೆ ಕೊಡಬೇಕು, ಅದು ನೇಮ."

ಅಂದರೆ ಹೆಪ್ಪು! ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದು, ನಮ್ಮ ಹಾಲಿಗೆ ಹಾಕಿ, ಮೊಸರು ಮಾಡಿಕೊಳ್ಳುವುದು. ನಾಳೆ ಯಾರಾದರೂ ಹೆಪ್ಪು ಕೇಳಿದರೆ ಇಲ್ಲ ಅನ್ನಬಾರದು. ಇಷ್ಟಕ್ಕೇ ಇವಳಿಗೆ ಸ್ಕೂಟರು, ಇವಳಿಗೆ ಮೇಡಂ ಅನ್ನಿಸಿಕೊಳ್ಳುವ ಭಾಗ್ಯ! ಮೂವತ್ತು ವರ್ಷದಿಂದ ಮೊಸರು ಮಾಡುತ್ತಿರುವ ನನಗೆ ಏನು ಕಡಿಮೆ?

ಮನೆಗೆ ಬಂದವಳೇ ಘೋಷಿಸಿದೆ. ನಮ್ಮವರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಕೊರಳಿಗೆ ಸದಾ ಸೀಟಿ.

"ಕಂಪನಿಗೆ ಹೆಸರೇನು?" ಎಂದರು.

"ಸಾಸಿವೆಕಾಳು ಸಾಫ್ಟ್‌ವೇರ್. ಹಂಪಿ ಸಾಸಿವೆಕಾಳು ಗಣಪನ್ನ ನೋಡೀರಲ್ಲ? ಹೆಸರು ಸಾಸಿವಿ, ಆಳು ನೋಡಿದ್ರ ಆನಿ!"

"ಒಗ್ಗರಣಿಗಾದ್ರೂ ಆಕ್ಕೈತಿ ಬಿಡು," ಎಂದು ಸೀಟಿ ತೆಗೆದು ಒಂದು ಸಲ ಊದಿದರು. ಕಂಪನಿಯ ಉದ್ಘಾಟನೆ ಹಾಗೆ ಆಯಿತು.

ವಿಡಿಯೋ ನೋಡುತ್ತ ಕಲಿತೆ. ಅನ್ನಕ್ಕಿಟ್ಟು ಒಂದು ವಿಡಿಯೋ, ಸಾರು ಕುದಿಯುವಾಗ ಒಂದು. ದಾಸ್ತಾನು, ಬಿಲ್ಲು, ಗಿರಾಕಿಗಳಿಗೆ ಸಂದೇಶ, ಎಲ್ಲ ಇರುವ ಒಂದು ಪುಕ್ಕಟೆ ಸಾಫ್ಟ್‌ವೇರ್ ನಮ್ಮ ಕಂಪ್ಯೂಟರಿಗೆ ಇಳಿಯಿತು. ಎರಡು ಸಾರು ಹೊತ್ತಿದ್ದನ್ನು ಬಿಟ್ಟರೆ ಬೇರೆ ನಷ್ಟವಿಲ್ಲ.

ಅಷ್ಟರಲ್ಲಿ ಸುದ್ದಿ ಸಿಕ್ಕಿತು: ಕಂಪ್ಲಿಯ ಅಕ್ಕಿ ಗಿರಣಿಯ ಮಲ್ಲಪ್ಪ ಸಾಹುಕಾರರಿಗೆ ಸಾಫ್ಟ್‌ವೇರ್ ಬೇಕಂತೆ, ಸವಿತಾ ಹೋಗಿ ತೋರಿಸಿ ಬಂದಿದ್ದಾಳಂತೆ. ಮರುದಿನವೇ ನಾನು ಕಂಪ್ಲಿ ಬಸ್ಸು ಹತ್ತಿದೆ. ಈ ಒಂದು ಗಿರಾಕಿ ಸಿಕ್ಕರೆ ಅತ್ತೆಯ ಬಾಯಲ್ಲಿ ನಾನೂ ಸಾಫ್ಟ್‌ವೇರು. ಸಿಗದಿದ್ದರೆ ಸಾಯುವತನಕ ಟೈಪಿಂಗು!

ಸಾಹುಕಾರರು ವಿಭೂತಿ ಧರಿಸಿ ಗಾದಿಯ ಮೇಲೆ ಕೂತಿದ್ದರು.

"ನಿಮ್ಮ ನೆಗೆಣ್ಣಿದು ಎಲ್ಲಾ ಇಂಗ್ಲಿಷಿನಾಗ ಐತ್ರಿ ಅಕ್ಕಾರ. ನಮಗ ಕನ್ನಡ ಬೇಕು."

ಕನ್ನಡ! ನನ್ನ ಬೆರಳುಗಳು ತಾವಾಗಿಯೇ ಕುಣಿದವು. ಗಿರಣಿಯ ಕಂಪ್ಯೂಟರಿಗೆ ನನ್ನ ಸಾಫ್ಟ್‌ವೇರ್ ಇಳಿಸಿ, ಅವರ ಎದುರಿಗೇ ಪರದೆಯ ಮೇಲಿನ ಮಾತುಗಳನ್ನೆಲ್ಲ ಕನ್ನಡ ಮಾಡತೊಡಗಿದೆ. ಹೊರಬರುವ ಗುಂಡಿಗೆ "ಹೋಗು" ಎಂದು ಬರೆದೆ. ಸಾಹುಕಾರರ ಮುಖ ಕಪ್ಪಿಟ್ಟಿತು.

"ಗಾದಿ ಮ್ಯಾಲ ಕುಂತವ್ನಿಗೆ ಹೋಗು ಅಂತೈತೇನ್ರಿ ಇದು?"

"ಬರ್ತೀನ್ರಿ" ಎಂದು ತಿದ್ದಿದೆ. ಅದನ್ನು ಒತ್ತಿದರೆ ಸಾಫ್ಟ್‌ವೇರು ಒಮ್ಮೆ ಖಾತ್ರಿ ಮಾಡಿಕೊಳ್ಳುತ್ತದೆ. ಅಲ್ಲಿ "ಇಷ್ಟು ಜಲ್ದಿ ಯಾಕ್ರಿ, ಕುಂದ್ರಿ" ಎಂದು ಹಾಕಿದೆ. ಸಾಹುಕಾರರು ತೊಡೆ ತಟ್ಟಿಕೊಂಡು ನಕ್ಕರು. ಅಕ್ಕಿ ಮುಗಿದಾಗ ಬರುವ ಮಾತಿಗೆ ಬಂದೆವು. ನಾನು "ಅಕ್ಕಿ ಇಲ್ಲ" ಎಂದು ಬರೆದಿದ್ದೇ ತಡ, ಒಳಗಿಂದ ಅವರ ತಾಯಿ ಕೂಗಿದರು.

"ಏ ತಂಗಿ! ಗಿರಣ್ಯಾಗ ಕುಂತು ಅಕ್ಕಿ ಇಲ್ಲ ಅಂತಿಯಲ್ಲ, ನಿಮ್ಮ ಮನ್ಯಾಗ ಹಿರೇರು ಕಲ್ಸಿಲ್ಲೇನು?"

ನಾಲಿಗೆ ಕಚ್ಚಿಕೊಂಡೆ. ಅಕ್ಕಿ, ಎಣ್ಣೆ, ಅರಿಶಿನ ತೀರಿದರೆ "ಇಲ್ಲ" ಎಂದು ಯಾವ ಮರ್ಯಾದಸ್ಥ ಹೆಂಗಸು ಅನ್ನುತ್ತಾಳೆ? ಲಕ್ಷ್ಮಿ ಮುನಿಸಿಕೊಳ್ಳುತ್ತಾಳೆ. "ಹೆಚ್ಚಾಗಿದೆ" ಅನ್ನಬೇಕು. ಹಾಗೆಯೇ ಬರೆದೆ: "ಅಕ್ಕಿ ಹೆಚ್ಚಾಗಿದೆ."

ಅಜ್ಜಿ ಒಳಗಿಂದ ಎದ್ದು ಬಂದು ನನಗೆ ಕುಂಕುಮ ಕೊಟ್ಟರು. ಕೆಲಸ ನನಗೆ ಸಿಕ್ಕಿತು!

ಇಲ್ಲಿಗೆ ನಿಂತಿದ್ದರೆ ನಾನು ಗೆದ್ದಿದ್ದೆ. ಆದರೆ ಸವಿತಾಳ ಸಾಫ್ಟ್‌ವೇರು ಅಕ್ಕಿ ಮುಗಿದಾಗ ಸಾಹುಕಾರರೊಬ್ಬರಿಗೇ ಸಂದೇಶ ಕಳಿಸುತ್ತಿತ್ತಂತೆ. ಒಬ್ಬರಿಗೇ? ಏನು ಜಿಪುಣತನ! "ಯಾರಿಗೆ ತಿಳಿಸಬೇಕು?" ಎಂದು ನನ್ನದು ಕೇಳಿದಾಗ "ಎಲ್ಲರಿಗೂ" ಎಂದು ಒತ್ತಿದೆ. ಗಿರಣಿಯಿಂದ ಅಕ್ಕಿ ಒಯ್ಯುವ ಕಿರಾಣಿ ಅಂಗಡಿ, ಖಾನಾವಳಿ, ತೋರಣಗಲ್ಲಿನ ಮೆಸ್ಸು, ಎಲ್ಲರಿಗೂ. ಸಂದೇಶ ಮೊಟಕಾಯಿತೆನಿಸಿ, ಕಾರ್ಡು ಟೈಪ್ ಮಾಡಿದ ಅಭ್ಯಾಸಬಲದಿಂದ ತಲೆಬಾಲ ಸೇರಿಸಿದೆ: "ಮಾನ್ಯರೇ, ನಮ್ಮ ಗಿರಣಿಯಲ್ಲಿ ಸೋನಾ ಮಸೂರಿ ಅಕ್ಕಿ ಹೆಚ್ಚಾಗಿದೆ. ತಮ್ಮೆಲ್ಲರ ಸಹಕಾರವನ್ನು ಕೋರುತ್ತೇವೆ."

ಮನೆಗೆ ಬಂದು ಸವಿತಾಳಿಗೆ ಫೋನ್ ಮಾಡಿ, ಸುತ್ತಿ ಬಳಸಿ ವಿಷಯ ತಿಳಿಸಿದೆ. "ಭಾಳ ಚೊಲೊ ಆತಕ್ಕಾ!" ಎಂದಳು. ಅವಳ ದನಿಯಲ್ಲಿ ಚೂರೂ ಹೊಟ್ಟೆಕಿಚ್ಚಿರಲಿಲ್ಲ. ನನಗೆ ರಾತ್ರಿ ಊಟ ಸೇರಲಿಲ್ಲ.

ಇವತ್ತು ಬೆಳಿಗ್ಗೆ ಗಿರಣಿಯಲ್ಲಿ ಸೋನಾ ಮಸೂರಿಯ ಕೊನೆಯ ಚೀಲ ಬಿಲ್ಲಾಯಿತು. ನನ್ನ ಸಾಫ್ಟ್‌ವೇರು ನಿಷ್ಠೆಯಿಂದ ಎಲ್ಲರಿಗೂ ಸಂದೇಶ ಕಳಿಸಿತು.

ಸಾಹುಕಾರರ ಫೋನು ಬಂದಾಗ ನಾನು ಗೃಹಪ್ರವೇಶದ ಕಾರ್ಡಿನಲ್ಲಿದ್ದೆ.

"ಅಕ್ಕಾರ, ಜಲ್ದಿ ಬರ್ರಿ. ಮಂದಿ ಬಂದಾರ."

"ಎಷ್ಟು ಮಂದಿ ಬಂದಾರ್ರಿ?"

"ಊರ ಬಂದೈತ್ರಿ!"

ಗಿರಣಿ ಮುಂದೆ ಆಟೋ, ಟಂಟಂ, ಟ್ರ್ಯಾಕ್ಟರು, ತೋರಣಗಲ್ಲಿನ ಮೆಸ್ಸಿನವನು ತಂದ ಲಾರಿ. ಎಲ್ಲರ ಕೈಯಲ್ಲೂ ಫೋನು, ಫೋನಿನಲ್ಲಿ ನನ್ನ ಕನ್ನಡ.

"ಹೆಚ್ಚಾಗೈತಿ ಅಂತ ನೀವ ಕಳಿಸೀರಿ, ಸಹಕಾರ ಕೋರೀರಿ, ಸಹಕಾರ ಮಾಡಾಕ ಬಂದೀವಿ. ಅಗ್ಗ ಎಷ್ಟಕ್ಕ ಕೊಡ್ತೀರಿ?"

ಸಾಹುಕಾರರು ಕೈ ಮುಗಿದರು. "ಹೆಚ್ಚಾಗೈತಿ ಅಂದ್ರ ಇಲ್ಲ ಅಂತರಪ್ಪೋ! ನಿಮ್ಮ ಮನ್ಯಾಗ ಹೆಣ್ಮಕ್ಳು ಅನ್ನಂಗಿಲ್ಲೇನು?"

ಮೆಸ್ಸಿನವನು ಲಾರಿಯ ಬಾಗಿಲಿಗೆ ಒರಗಿ ತೀರ್ಪು ಕೊಟ್ಟ: "ಮನ್ಯಾಗ ಹೆಚ್ಚಾದ್ರ ಇಲ್ಲ ಅಂತ. ಗಿರಣ್ಯಾಗ ಹೆಚ್ಚಾದ್ರ ಅಗ್ಗ ಅಂತ!"

ಎಲ್ಲರೂ ಹೋ ಎಂದರು. ಸಾಹುಕಾರರು ನನ್ನ ಕಡೆ ತಿರುಗಿದರು. "ತಪ್ಪಾಗೈತಿ ಅಂತ ಇನ್ನೊಂದು ಕಳಸ್ರಿ ಅಕ್ಕಾರ, ಜಲ್ದಿ!"

ನಾನು ಗಾಬರಿಯಲ್ಲೂ ಶಿಸ್ತು ಬಿಡದ ಹೆಂಗಸು. ಕೂತೆ, ಟೈಪ್ ಮಾಡಿದೆ, ಎಲ್ಲರಿಗೂ ಕಳಿಸಿದೆ: "ತಿದ್ದುಪಡಿ: ಅಕ್ಕಿ ಹೆಚ್ಚಾಗಿಲ್ಲ."

ಮರುಕ್ಷಣ ಎಲ್ಲ ಫೋನುಗಳೂ ಒಟ್ಟಿಗೆ ಟಿಣ್ ಎಂದವು. ಜನ ಓದಿದರು. ಹಿಂದಿನಿಂದ ಒಬ್ಬ ಕಿರಾಣಿಯವನು ಕೂಗಿದ: "ನೋಡ್ರಿ! ಹೆಚ್ಚಾಗೈತಿ ಅಂದ್ರ ಇಲ್ಲ ಅಂತ ಈಗ ಸಾಹುಕಾರ್ರ ಅಂದ್ರು. ಹೆಚ್ಚಾಗಿಲ್ಲ ಅಂದ್ರ ಅದಾವ ಅಂತಾತಲ್ಲ! ಎಲ್ಲಿ ಬಚ್ಚಿಟ್ಟೀರಿ?"

ಗೋದಾಮಿನ ಬಾಗಿಲ ಕಡೆಗೆ ಜನ ನುಗ್ಗಿದರು. ಇನ್ನಷ್ಟು ಅನಾಹುತವಾಗುವ ಮೊದಲು ಸಾಫ್ಟ್‌ವೇರನ್ನೇ ಮುಚ್ಚಿಬಿಡೋಣವೆಂದು "ಬರ್ತೀನ್ರಿ" ಒತ್ತಿದೆ.

"ಇಷ್ಟು ಜಲ್ದಿ ಯಾಕ್ರಿ, ಕುಂದ್ರಿ" ಎಂದಿತು.

ಕೆಳಗೆ ಎರಡು ಗುಂಡಿ: "ಹೂಂ" ಮತ್ತು "ಬ್ಯಾಡ". ಹೂಂ ಎಂದರೆ ಹೋಗುವುದಕ್ಕೆ ಹೂಂ ಎಂದೋ, ಕೂರುವುದಕ್ಕೆ ಹೂಂ ಎಂದೋ? ಬರೆದವಳಿಗೇ ತಿಳಿಯಲಿಲ್ಲ. ಹೂಂ ಒತ್ತಿದೆ, ಕೂತೇ ಇತ್ತು. ಬ್ಯಾಡ ಒತ್ತಿದೆ, ಹಳೆಯ ಸಂದೇಶವನ್ನು ಎಲ್ಲರಿಗೂ ಇನ್ನೊಮ್ಮೆ ಕಳಿಸಿತು. ಹೇಗೆಂದು ನನ್ನನ್ನು ಕೇಳಬೇಡಿ. ಸಹಕಾರ ಕೋರುತ್ತೇವೆ!

ಸಾಹುಕಾರರು ನನ್ನೆದುರಿಗೇ ಸವಿತಾಳಿಗೆ ಫೋನ್ ಮಾಡಿದರು.

ಹಂಪಿಯ ಲಾಡ್ಜಿನಲ್ಲಿದ್ದವಳು ಸ್ಕೂಟರಿನಲ್ಲಿ ಬಂದಳು. ಅಷ್ಟು ದೂರದ ಧೂಳಿನಲ್ಲೂ ಅವಳ ಸೀರೆಯ ನೆರಿಗೆ ಕೆಟ್ಟಿರಲಿಲ್ಲ. ಇದನ್ನು ನಾನು ಮೊದಲು ಗಮನಿಸಿದೆ. ನನ್ನ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಒಂದು ಸಾಲು ಕಳಿಸಿದಳು: "ಸ್ಟಾಕ್ ಇಲ್ಲ. ಬಂದ ಕೂಡಲೇ ತಿಳಿಸುತ್ತೇವೆ."

ಫೋನುಗಳು ಟಿಣ್ ಎಂದವು. ಜನ ಓದಿದರು, ಗೊಣಗಿದರು, ಗಾಡಿ ತಿರುಗಿಸಿದರು. ಅಷ್ಟೆ! ಒಳಗೆ ಅಜ್ಜಿ ಕೂಡ ಸುಮ್ಮನಿದ್ದರು. ಇಂಗ್ಲಿಷಿನಲ್ಲಿ ಸ್ಟಾಕ್ ಇಲ್ಲದಿದ್ದರೆ ಲಕ್ಷ್ಮಿಗೆ ಬೇಜಾರಿಲ್ಲವಂತೆ.

"ಇನ್ನ ಇಕಿನ ನೋಡ್ಕೋತಾಳ್ರಿ ಅಕ್ಕಾರ," ಎಂದು ಸಾಹುಕಾರರು ಮೆಲ್ಲಗೆ ಹೇಳಿದರು. "ನಿಮಗ ಚಾ ತರಸ್ಲಾ?"

ಸವಿತಾ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು! ಅವಳು ಪರದೆಯ ಮೇಲಿನ ನನ್ನ ಕನ್ನಡವನ್ನು ಓದಿ ಓದಿ ನಗುತ್ತಿದ್ದಳು.

"ಅಕ್ಕಾ, ಬರ್ತೀನ್ರಿ ಅಂತ ಗುಂಡಿ! ನನಗ ಹೊಳ್ದೇ ಇರ್ಲಿಲ್ಲ ನೋಡು. ಎಲ್ಲಾ ಗಿರಾಕಿಗಳೂ ಕನ್ನಡ ಕೇಳ್ತಾರ. ನಿಂದು ತಗೊಳ್ಳಲಾ?"

ಬ್ಯಾಡ ಎಂಬ ಮಾತು ಗಂಟಲತನಕ ಬಂತು. ಆದರೆ ಹೆಪ್ಪು! ಕೇಳಿದರೆ ಇಲ್ಲ ಅನ್ನಬಾರದು. "ತಗೋ" ಎಂದೆ.

"ಸುಮ್ನ ತಗೊಳ್ಳಂಗಿಲ್ಲ. ಕೆಳಗ ನಿನ್ನ ಹೆಸರು ಹಾಕ್ತೀನಿ. ಕನ್ನಡ: ಸುಮಂಗಲಾ ಅಂತ. ಆ ಅಕ್ಕಿದೊಂದು ತಿದ್ದಿಬಿಡ್ತೀನಿ."

ಹೀಗಾಗಿ ಇನ್ನು ಮೇಲೆ ಯಶವಂತನಗರದಿಂದ ಹಂಪಿಯವರೆಗೆ ನನ್ನ ಹೆಸರು ಮೆರೆಯಲಿದೆ, ಅವಳ ಸಾಫ್ಟ್‌ವೇರಿನ ಕೆಳಗೆ. ಇಂಥ ಒಳ್ಳೆಯವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟವೆಂಬುದು ಪಟ್ಟವರಿಗೇ ಗೊತ್ತು. ಬಸ್ಸಿನಲ್ಲಿ ಹೊಸಪೇಟೆ ಬರುವವರೆಗೂ ಕಷ್ಟಪಟ್ಟೆ.

ಮನೆಗೆ ಬಂದರೆ ಅತ್ತೆಯ ಫೋನು ನನಗಿಂತ ಮುಂಚೆ ತಲುಪಿತ್ತು. ನಮ್ಮವರು ಸೀಟಿ ತಿರುಗಿಸುತ್ತ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು.

"ಹಸಿವಾಗೈತಿ. ಅನ್ನಕ್ಕಿಡು."

"ಅಕ್ಕಿ ಹೆಚ್ಚಾಗ್ಯಾವ್ರಿ," ಎಂದೆ. ಮೂವತ್ತು ವರ್ಷದ ರೂಢಿ, ಬಾಯಿಂದ ಬಂದೇ ಬಂತು.

ಅವರು ಬೋರಲು ಹಾಕಿದ್ದ ಡಬ್ಬಿಯನ್ನು ನೋಡಿದರು. ನನ್ನನ್ನು ನೋಡಿದರು.

"ಅಕ್ಕಿ ಗಿರಣಿಗೆ ಹೋಗಿ ಬಂದಿ?"

"ಹೂಂ."

"ಅಲ್ಲಿನೂ ಹೆಚ್ಚಾಗಿದ್ವು?"

ನಾನು ಬಾಣಲೆ ಇಟ್ಟೆ. ಎಣ್ಣೆ ಕಾದ ಮೇಲೆ ಸಾಸಿವೆಕಾಳು ಹಾಕಿದೆ. ಅದು ಒಂದೊಂದೇ ಚಟಪಟನೆ ಸಿಡಿದು ಮುಗಿಯಿತು.

ಮಂಡಕ್ಕಿ ಒಗ್ಗರಣೆ ತಿಂದೆವು. ಇವರು ಓಣಿಯ ಕೊನೆಗೆ ಹೋಗಿ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದರು. ದೊಡ್ಡದನ್ನು ನನ್ನ ತಟ್ಟೆಗೆ ಹಾಕಿದರು. ಮೊದಲು ಮಲಗಿದವರು ಇವರೇ, ಸೀಟಿ ಕೊರಳಲ್ಲಿಟ್ಟುಕೊಂಡೇ. ಉಸಿರಿಗೊಮ್ಮೆ ಅದು ಸಣ್ಣಗೆ ಊದುತ್ತಿತ್ತು.

ನನಗೆ ಮಾತ್ರ ನಿದ್ದೆ ಹೆಚ್ಚಾಗಿತ್ತು.