ಬಂಗುಡೆಗೆ ಐಸ್ ಬೇಕು, ಓವರ್

ಹ್ಯಾಮ್ ರೇಡಿಯೊದವರು ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಟನ್ ಒತ್ತಿ ಬಾಯಿ ತೆರೆದರೆ ಸಾಕು, ಅದೇ ಹುಡುಕಿಕೊಂಡು ಬರುತ್ತದೆ.

ನಾನು ಫಳ್ನೀರ್‌ನಲ್ಲಿ ಟಿ.ವಿ., ಮಿಕ್ಸಿ ರಿಪೇರಿಯ ಅಂಗಡಿ ಇಟ್ಟುಕೊಂಡವನು. ಸರಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆದು, ಸ್ವಂತ ರೇಡಿಯೊ ಸೆಟ್ಟಿನಲ್ಲಿ ದೇಶ ವಿದೇಶದವರ ಜೊತೆ ಮಾತಾಡುವ ಹವ್ಯಾಸ ಬಹಳ ವರ್ಷಗಳಿಂದ ಉಂಟು. "ಇದರಿಂದ ಯಾರಿಗೆ ಎಂತ ಉಪಯೋಗ?" ಎಂದು ಹೆಂಡತಿ ಆಗಾಗ ಕೇಳುತ್ತಿದ್ದಳು. ಹಾಗಿರುವಾಗ ಊರಿನಲ್ಲಿ ಒಂದು ರಿಲೇ ಓಟ ನಿಶ್ಚಯವಾಯಿತು. ಬೆಳಗಿನ ಜಾವ ಮರವಂತೆಯ ಕಡಲ ತೀರದಲ್ಲಿ ಹೊರಟು ಮಧ್ಯಾಹ್ನ ದಾಟುವುದರೊಳಗೆ ಮಂಗಳೂರಿನ ಮಣ್ಣಗುಡ್ಡಕ್ಕೆ ತಲುಪಬೇಕು. ತಂಡಕ್ಕೆ ಹತ್ತು ಜನ. ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಓಡುವುದು. ದಾರಿಯುದ್ದಕ್ಕೂ ಸೆಟ್ ಹಿಡಿದು ನಿಂತು ಯಾರು ಎಲ್ಲಿಗೆ ಮುಟ್ಟಿದರು, ಯಾರು ಬಿದ್ದರು ಎಂದು ತಿಳಿಸಲು ಹ್ಯಾಮ್‌ಗಳನ್ನು ಒಟ್ಟು ಮಾಡುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಹೆಂಡತಿಗೆ ಉತ್ತರ ಸಿಕ್ಕಿತು ಎಂದುಕೊಂಡು ಒಪ್ಪಿಕೊಂಡೆ.

ಸರ್ವಾನುಮತದ ನಿರ್ಣಯ

ಮೊದಲ ಸಭೆ ನನ್ನ ಅಂಗಡಿಯ ಮಹಡಿಯಲ್ಲಿ. ಓಟದ ಸಂಘಟಕರು ಒಬ್ಬ ಹಲ್ಲಿನ ಡಾಕ್ಟರು. ಹ್ಯಾಮ್‌ಗಳು ಹದಿನಾಲ್ಕು ಜನ ಬಂದಿದ್ದರು. ಎಲ್ಲರೂ ಬ್ರೆಜಿಲ್, ಜಪಾನ್ ಎಂದು ಮಾತಾಡುವವರೇ, ಆದರೆ ಪಕ್ಕದ ಕುರ್ಚಿಯವರ ಮಾತು ಕೇಳಿ ಅಭ್ಯಾಸ ಇಲ್ಲದವರು. ಉಡುಪಿಯಲ್ಲಿ ಯಾರು ನಿಲ್ಲುತ್ತೀರಿ ಎಂದು ಡಾಕ್ಟರು ಕೇಳಿದರೆ ಒಬ್ಬರು ತಮ್ಮ ಹೊಸ ಆಂಟೆನಾದ ಉದ್ದ ಹೇಳಿದರು. ಇನ್ನೊಬ್ಬರು ಅದಕ್ಕಿಂತ ತಮ್ಮದು ಎಷ್ಟು ಉದ್ದ ಎಂದು ಹೇಳಿದರು.

ಡಾಕ್ಟರು ಮೆಲ್ಲಗೆ ನನ್ನ ಕಿವಿಯಲ್ಲಿ, "ಎಲ್ಲರ ಹತ್ತಿರ ಫೋನ್ ಉಂಟಲ್ಲ, ಈ ರೇಡಿಯೊ ಬೇಕೇಬೇಕಾ?" ಎಂದರು.

ನನಗೆ ಸಿಟ್ಟು ಬಂತು. ಎದ್ದು ನಿಂತು ಭಾಷಣ ಬಿಗಿದೆ. ನೆರೆ ಬಂದಾಗ ಫೋನ್ ಎಲ್ಲಿರುತ್ತದೆ? ಚಂಡಮಾರುತ ಬಂದಾಗ ಟವರ್ ಎಲ್ಲಿರುತ್ತದೆ? ಫೋನನ್ನು ನಂಬಿದವನು ಕೆಟ್ಟ, ರೇಡಿಯೊವನ್ನು ನಂಬಿದವನು ಬದುಕಿದ! ಜೋರಾಗಿ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಕೂಡಲೇ ಹಿಂದಿನಿಂದ ಒಬ್ಬರು, "ಹಾಗಾದರೆ ಒಂದು ವಾಟ್ಸಪ್ ಗ್ರೂಪ್ ಮಾಡಿ ಮಾರಾಯ್ರೆ, ಇದನ್ನೆಲ್ಲ ಅಲ್ಲಿ ಮಾತಾಡುವ," ಎಂದರು.

ಆ ದಿನ ಹದಿನಾಲ್ಕು ಕೈಗಳು ಒಟ್ಟಿಗೆ ಎದ್ದದ್ದು ಅದೊಂದಕ್ಕೇ.

ಟವರಿನವರು

ಓಟಕ್ಕೆ ಮುಂಚೆ ದಾರಿಯಲ್ಲಿ ಸಿಗ್ನಲ್ ಪರೀಕ್ಷೆ ಮಾಡಬೇಕಿತ್ತು. ಸುರತ್ಕಲ್ಲಿನ ಒಳರಸ್ತೆಯೊಂದರಲ್ಲಿ ಸ್ಕೂಟರ್ ನಿಲ್ಲಿಸಿ, ಬಿದಿರಿನ ಗಳುವಿಗೆ ಆಂಟೆನಾ ಕಟ್ಟಿ ಎತ್ತಿದೆ. ಐದು ನಿಮಿಷದಲ್ಲಿ ಸುತ್ತ ಹತ್ತು ಜನ.

"ಅಂತೂ ಬಂದ್ರಲ್ಲ! ಎಷ್ಟು ಕಂಪ್ಲೇಂಟ್ ಕೊಟ್ಟಿದ್ದೇವೆ ಗೊತ್ತುಂಟಾ?"

"ನಾನು ಟವರಿನವನಲ್ಲ. ಇದು ಹ್ಯಾಮ್ ರೇಡಿಯೊ."

"ಬಂದವರೆಲ್ಲ ಹಾಗೇ ಹೇಳಿ ಜಾರಿಕೊಳ್ಳುವುದು."

ಒಬ್ಬ ಅಜ್ಜಿಯಂತೂ ನನ್ನ ಕೈಯನ್ನೇ ಹಿಡಿದುಕೊಂಡರು. "ನನ್ನ ಮಗ ಕುವೈತಿನಿಂದ ವಿಡಿಯೊ ಕಾಲ್ ಮಾಡಿದ್ರೆ ಮೂಗು ಮಾತ್ರ ಕಾಣುವುದು. ಎರಡು ವರ್ಷ ಆಯ್ತು ನಾನು ಅವನ ಮೂಗಿನ ಹತ್ತಿರವೇ ಮಾತಾಡುವುದು."

ಬಿಡಿಸಿಕೊಳ್ಳುವ ಬೇರೆ ದಾರಿ ಕಾಣದೆ ಎಲ್ಲರ ಹೆಸರು, ತೊಂದರೆ ಬರೆದುಕೊಂಡು ಬಂದೆ. ಆ ಕಾಗದ ಈಗಲೂ ನನ್ನ ಅಂಗಡಿಯಲ್ಲೇ ಉಂಟು. ಆದರೆ ದೇವರ ಆಟ, ಹತ್ತು ದಿನದಲ್ಲಿ ಅಲ್ಲಿ ನೆಟ್‌ವರ್ಕ್ ತಾನಾಗಿಯೇ ಸರಿಯಾಯಿತು. ಅಜ್ಜಿ ಯಾರನ್ನೋ ವಿಚಾರಿಸಿ, ಒಂದು ಚೀಲ ಮುಳ್ಳುಸೌತೆ ಹಿಡಿದು, ಬಸ್ಸಿನಲ್ಲಿ ಅಂಗಡಿಗೇ ಬಂದರು.

"ಈಗ ಮಗನ ಇಡೀ ಮುಖ ಕಾಣ್ತದೆ. ನಿಮಗೆ ಪುಣ್ಯ ಬರಲಿ," ಎಂದರು. ಆಮೇಲೆ ಸ್ವಲ್ಪ ಹತ್ತಿರ ಬಂದು, "ಆದರೆ ತುಂಬಾ ಸಪೂರ ಕಾಣ್ತಾನೆ. ಅದೊಂದು ಸ್ವಲ್ಪ ಸರಿ ಮಾಡಿ ಕೊಡ್ತೀರಾ?"

ಬಿ ಅಂದರೆ

ತಂಡಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರು. ರೇಡಿಯೊದಲ್ಲಿ ಬಿ ಯಾವುದು, ಡಿ ಯಾವುದು ಗೊತ್ತಾಗುವುದಿಲ್ಲ. ಅದಕ್ಕೆಂದೇ ಲೋಕಕ್ಕೆಲ್ಲ ಒಂದು ಪಟ್ಟಿ ಉಂಟು. ಎ ಅಂದರೆ ಆಲ್ಫಾ, ಬಿ ಅಂದರೆ ಬ್ರಾವೊ, ಹೀಗೆ. ಗಡಿಬಿಡಿಯಲ್ಲಿ ಅದು ಅರ್ಧ ಜನರಿಗೆ ನೆನಪಿಗೆ ಬರುವುದಿಲ್ಲ.

ನಮ್ಮಲ್ಲಿ ಒಬ್ಬರು ಕೊಂಕಣಿ ಸಿಸ್ಟರ್ ಇದ್ದರು. ಮಸ್ಕತ್ತಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಮೇಲೆ ಲೈಸೆನ್ಸ್ ಮಾಡಿಸಿಕೊಂಡವರು. ಓಟದ ದಿನ ಮಣ್ಣಗುಡ್ಡದ ಕಂಟ್ರೋಲ್ ಟೆಂಟಿನಲ್ಲಿ ನನ್ನ ಜೊತೆ ಕೂರುವವರು ಅವರೇ. "ಇಷ್ಟು ತಲೆಬಿಸಿ ಎಂತಕ್ಕೆ? ಎ ಅಂದ್ರೆ ಅಂಜಲ್, ಬಿ ಅಂದ್ರೆ ಬಂಗುಡೆ, ಕೆ ಅಂದ್ರೆ ಕಾಣೆ. ಮಂಗಳೂರಿನವರು ಮೀನಿನ ಹೆಸರು ಮರೀತಾರಾ?" ಎಂದರು. ಒಂದೇ ಪಾಠದಲ್ಲಿ ಎಲ್ಲರಿಗೂ ಬಾಯಿಪಾಠ ಆಯಿತು.

ಒಬ್ಬರನ್ನು ಬಿಟ್ಟು. ನಿವೃತ್ತ ಸಂಸ್ಕೃತ ಮೇಷ್ಟ್ರು. "ಶಿವ ಶಿವಾ! ನನ್ನ ಬಾಯಿಯಿಂದ ಅದು ಬರ್ಲಿಕ್ಕಿಲ್ಲ. ನಾನು ಬಿ ಅಂದ್ರೆ ಬಿಲ್ವ ಅಂತೇನೆ."

ಓಟದ ಬೆಳಿಗ್ಗೆ ಮೇಷ್ಟ್ರು ಕಾಪುವಿನ ಹೆದ್ದಾರಿ ಬದಿಯಲ್ಲಿ ನಿಂತಿದ್ದರು. ಬಿ ತಂಡದ ಹುಡುಗಿಯೊಬ್ಬಳು ಕಾಲು ಉಳುಕಿಸಿಕೊಂಡು ಕೂತುಬಿಟ್ಟಳು. ಲಾರಿಗಳ ಗದ್ದಲದ ನಡುವೆ ಮೇಷ್ಟ್ರ ದನಿ ಬಂತು, "ಕಾಲು ಉಳುಕಿದೆ, ಆಂಬ್ಯುಲೆನ್ಸ್ ಬೇಕು!"

"ಯಾವ ತಂಡ ಮೇಷ್ಟ್ರೆ?" ಎಂದರು ಸಿಸ್ಟರ್.

"ಬಿಲ್ವ!"

ಸಿಸ್ಟರ್‌ಗೆ ಕೇಳಿದ್ದು 'ಇಲ್ವಾ' ಎಂದು. "ಉಂಟು ಮೇಷ್ಟ್ರೆ, ಆಂಬ್ಯುಲೆನ್ಸ್ ಉಂಟು. ಯಾವ ತಂಡ ಹೇಳಿ."

"ಬಿಲ್ವ! ಬಿಲ್ವ!"

"ಅಯ್ಯೋ, ಉಂಟು ಅಂತ ಹೇಳಿದೆನಲ್ಲ!"

ಹುಡುಗಿ ನೋವಿನಿಂದ ಕೂಗುವುದು ನಮಗೂ ಕೇಳುತ್ತಿತ್ತು. ಆಮೇಲೆ ಇಡೀ ಕರಾವಳಿಗೆ ಕೇಳುವ ಹಾಗೆ ಮೇಷ್ಟ್ರು ಕಿರುಚಿದರು, "ಬಂಗುಡೆ! ಬಂಗುಡೆ ಮಾರಾಯ್ರೆ! ಬಂಗುಡೆಗೆ ಐಸ್ ಬೇಕು! ಬೇಗ ಐಸ್ ಕಳಿಸಿ, ಬಿಸಿಲು ಏರ್ತಾ ಉಂಟು! ಓವರ್!"

ಆಂಬ್ಯುಲೆನ್ಸ್ ಸರಿಯಾದ ಜಾಗಕ್ಕೆ ಹೋಯಿತು, ಹುಡುಗಿಯ ಕಾಲಿಗೆ ಐಸ್ ಸಿಕ್ಕಿತು. ಆದರೆ ಮೇಷ್ಟ್ರು ಮನೆಯ ಸೆಟ್ಟನ್ನು ಆರಿಸದೇ ಬಂದಿದ್ದರು. ಸಂಜೆ ಮನೆ ಮೆಟ್ಟಿಲು ಹತ್ತುವಾಗ ಅವರ ವಯಸ್ಸಾದ ತಾಯಿ ಬಾಗಿಲಲ್ಲೇ ತಡೆದು, ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದರಂತೆ: "ಪಿಂಚಣಿ ಬರ್ತದಲ್ಲ ಮಗಾ, ಮೀನಿನ ವ್ಯಾಪಾರ ಯಾಕೆ ಶುರು ಮಾಡಿದೆ?"

ಲಂಗರು

ಪಣಂಬೂರಿನಲ್ಲಿ ನಿಂತವರು ಬಂದರಿನಲ್ಲಿ ಹಡಗುಗಳಿಗೆ ಸೂಚನೆ ಕೊಟ್ಟು ಕೊಟ್ಟು ನಿವೃತ್ತರಾದವರು. ಅವರ ವರದಿ ಬಹಳ ಶಿಸ್ತಿನದು.

"ಸಿ ತಂಡದವರು ಉತ್ತರದಿಂದ ಬರ್ತಿದ್ದಾರೆ. ಸ್ವಲ್ಪ ಎಡಕ್ಕೆ ವಾಲಿದ್ದಾರೆ, ಓವರ್."

ಎರಡು ನಿಮಿಷ ಬಿಟ್ಟು, "ಬೊಂಡದ ಅಂಗಡಿಯ ಎದುರು ಲಂಗರು ಹಾಕಿದ್ದಾರೆ."

ಇನ್ನೂ ಎರಡು ನಿಮಿಷಕ್ಕೆ, "ಎರಡು ಬೊಂಡದ ನೀರು ಲೋಡ್ ಆಯ್ತು."

ಹಲ್ಲಿನ ಡಾಕ್ಟರು ಗಾಬರಿಯಿಂದ, "ಅವರು ಹೊರಡುವುದು ಯಾವಾಗ ಅಂತ ಕೇಳಿ," ಎಂದರು. ಕೇಳಿದೆ.

"ಹೇಳ್ಲಿಕ್ಕಾಗುವುದಿಲ್ಲ. ಈಗಷ್ಟೇ ಅನ್‌ಲೋಡ್ ಮಾಡ್ಲಿಕ್ಕೆ ಗೋಡೆಯ ಹಿಂದೆ ಹೋಗಿದ್ದಾರೆ."

ಕಾಣೆಯಾದವರು

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ನಗು ನಿಂತಿತು. ಎಲ್ಲರಿಗಿಂತ ಮುಂದಿದ್ದ ತಂಡದ ಒಂಬತ್ತನೆಯ ಓಟಗಾರ ಪಣಂಬೂರು ದಾಟಿದ್ದಾರೆ, ಕೂಳೂರಿಗೆ ಮುಟ್ಟಲಿಲ್ಲ. ಮಧ್ಯೆ ಇರುವುದು ಅಷ್ಟು ದೂರವೇನಲ್ಲ. ಐವತ್ತು ದಾಟಿದ ಬ್ಯಾಂಕ್ ಆಫೀಸರು. ಕೂಳೂರಿನಲ್ಲಿ ಹತ್ತನೆಯವನು ನಿಂತಲ್ಲೇ ಕುಣಿಯುತ್ತಿದ್ದ. ಹಿಂದಿನ ಎರಡು ತಂಡಗಳು ದಾಟಿ ಹೋದವು.

ಆಫೀಸರ ಹೆಂಡತಿ ನಮ್ಮ ಟೆಂಟಿಗೇ ಬಂದರು. "ಅವರಿಗೆ ಶುಗರ್ ಉಂಟು. ಬಿಸಿಲಿಗೆ ಶುಗರ್ ಇಳಿದು ಎಲ್ಲಿಯಾದರೂ ಬಿದ್ದಿದ್ದರೆ?" ಎಂದು ಅಳತೊಡಗಿದರು. ಇಷ್ಟು ಸೆಟ್, ಇಷ್ಟು ಆಂಟೆನಾ ಇಟ್ಟುಕೊಂಡು ಒಬ್ಬ ಮನುಷ್ಯನನ್ನು ಕಳೆದುಕೊಂಡೆವಲ್ಲ!

ಆಂಬ್ಯುಲೆನ್ಸ್ ಹೆದ್ದಾರಿಯಲ್ಲಿ ಎರಡು ಸಲ ಓಡಾಡಿ ಬಂತು, ಕಾಣಲಿಲ್ಲ. ಒಳದಾರಿಗಳನ್ನು ನೋಡಲು ಪಣಂಬೂರಿನಲ್ಲಿದ್ದ ಬಂದರಿನವರನ್ನು ಕಳಿಸಿದೆ. "ಹುಡುಕಿ ವರದಿ ಮಾಡ್ತೇನೆ," ಎಂದರು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಉತ್ತರವೇ ಇಲ್ಲ. ಕಾಪುವಿನ ಕೆಲಸ ಮುಗಿಸಿ ಅದೇ ದಾರಿಯಲ್ಲಿ ಬರುತ್ತಿದ್ದ ಮೇಷ್ಟ್ರಿಗೆ ಹೇಳಿದೆ. "ಈಗ ನೋಡ್ತೇನೆ," ಎಂದರು. ಅವರೂ ಮಾಯ. ಸಿಸ್ಟರ್ ಒಂದೇ ಸಮನೆ ಕರೆಯುತ್ತಿದ್ದರು, "ಮೇಷ್ಟ್ರೆ, ಎಲ್ಲಿದ್ದೀರಿ? ಯಾರಾದ್ರೂ ಮಾತಾಡಿ!"

ಕೊನೆಗೆ ನಾನೇ ಸ್ಕೂಟರ್ ತೆಗೆದೆ. ಆ ಹೆಂಗಸು ಹಿಂದೆ ಕೂತು ದಾರಿಯುದ್ದಕ್ಕೂ ದೇವರಿಗೆ ಹರಕೆ ಹೇಳಿಕೊಳ್ಳುತ್ತಿದ್ದರು. ಒಂದು ಒಳದಾರಿಗೆ ತಿರುಗಿದಾಗ ಸಿಸ್ಟರ್ ದನಿ ಕೇಳಿತು. ನನ್ನ ಸೆಟ್ಟಿನಿಂದ ಮಾತ್ರ ಅಲ್ಲ, ಬಲಗಡೆಯಿಂದಲೂ. ನೋಡಿದರೆ ತೋರಣ ಕಟ್ಟಿದ ಹೊಸ ಮನೆ, ಅಂಗಳದಲ್ಲಿ ಚಪ್ಪರ, ಜಗಲಿಯ ಬುಡದಲ್ಲಿ ಚಪ್ಪಲಿಗಳ ರಾಶಿ. ರಾಶಿಯ ನಡುವೆ ಒಂದು ಜೊತೆ ಓಟದ ಶೂ, ಪಕ್ಕದಲ್ಲಿ ನಮ್ಮ ಎರಡು ಸೆಟ್‌ಗಳು, "ಎಲ್ಲಿದ್ದೀರಿ? ಯಾರಾದ್ರೂ ಮಾತಾಡಿ!" ಎಂದು ಚಪ್ಪಲಿಗಳನ್ನು ಕೇಳುತ್ತಿದ್ದವು.

ಒಳಗೆ ಗೃಹಪ್ರವೇಶದ ಊಟದ ಪಂಕ್ತಿ. ಮೊದಲನೆಯ ಎಲೆಯಲ್ಲಿ ಆಫೀಸರು, ಎದೆಯ ಮೇಲೆ ನಂಬರ್ ಹಾಗೇ ಉಂಟು. ಆಚೆ ಬಂದರಿನವರು. ಅವರಾಚೆ ಮೇಷ್ಟ್ರು. ನನ್ನನ್ನು ಕಂಡು ಮೂವರೂ ತಲೆ ತಗ್ಗಿಸಿದರು.

"ನಾನು ನೀರು ಮಾತ್ರ ಕೇಳಿದ್ದು," ಎಂದರು ಆಫೀಸರು.

"ನಾನು ಇವರನ್ನು ಮಾತ್ರ ಕೇಳಿದ್ದು," ಎಂದರು ಬಂದರಿನವರು.

ಮೇಷ್ಟ್ರು ಉಣ್ಣುವಾಗ ಮಾತಾಡುವವರಲ್ಲ.

ಅಷ್ಟರಲ್ಲಿ ಬಡಿಸುವವರು ಆಫೀಸರ ಎಲೆಗೆ ಪಾಯಸ ಹಾಕಿದರು. "ಇದು ಎಷ್ಟನೇ ಸಲ?" ಎಂದರು ಹೆಂಡತಿ. ಅಳು ಪೂರ್ತಿ ನಿಂತಿತ್ತು. ಬಡಿಸುವವರು ಸಂತೋಷದಿಂದ, "ಮೂರನೇ ಸಲ ಅಕ್ಕ, ಒಳ್ಳೆ ಊಟದವರು!" ಎಂದರು.

ಇನ್ನು ಏನಾಗುತ್ತಿತ್ತೋ, ಮನೆಯ ಯಜಮಾನರು ನಡುವೆ ಬಂದು ಕೈ ಮುಗಿದರು. "ಹೊಸ ಮನೆಯಿಂದ ಯಾರೂ ಉಣ್ಣದೆ ಹೋಗಬಾರದು. ಒಣಸ್ ಮಲ್ತ್‌ದೇ ಪೋವೊಡು, ಉಂಡೇ ಹೋಗಬೇಕು." ನನ್ನ ಸೆಟ್ಟನ್ನು ಅವರೇ ತೆಗೆದುಕೊಂಡು ಹೋಗಿ ಉಳಿದೆರಡರ ಪಕ್ಕ ಇಟ್ಟರು. ನಾನು ವಿರೋಧಿಸಿದೆ ಎಂದೇ ನೆನಪು. ಆದರೆ ಮುಂದಿನ ನೆನಪು ಎಲೆಯ ಮೇಲಿನ ಬಿಸಿ ಅನ್ನದ್ದು.

ಮೊದಲನೇ ತುತ್ತು ಬಾಯಿಗೆ ಹೋಗುವಾಗ ಹೊರಗೆ ಮೂರೂ ಸೆಟ್‌ಗಳಲ್ಲಿ ಸಿಸ್ಟರ್ ಒಟ್ಟಿಗೇ ಕೂಗಿದರು, "ಅಯ್ಯೋ, ನೀವೂ ಹೋದ್ರಾ? ನಾನು ಒಬ್ಬಳೇ ಇಲ್ಲಿ ಎಷ್ಟು ಹೊತ್ತು ಕಾಯುವುದು?"

ಬಾಗಿಲ ಬಳಿ ಕೂತಿದ್ದ ಮನೆಯ ಹಿರಿಯಜ್ಜಿ ಕಿವಿಗೊಟ್ಟು ಕೇಳಿ, ಒಳಕ್ಕೆ ತಿರುಗಿ ಸೊಸೆಯನ್ನು ಗದರಿದರು.

"ಎಷ್ಟು ಹೊತ್ತಿನಿಂದ ಮೂರು ಹೆಂಗಸರು ಚಪ್ಪಲಿಯ ಹತ್ತಿರ ನಿಂತು ಕರೀತಿದ್ದಾರೆ, ಯಾರಿಗೂ ಕಿವಿ ಕೇಳುವುದಿಲ್ವಾ? ಪಾಪ, ಹಸಿವಿನಿಂದ ಮೂವರ ದನಿಯೂ ಒಂದೇ ತರಹ ಆಗಿದೆ. ಬೇಗ ಮೂರು ಎಲೆ ಹಾಕಿ!"