ಬಿಸಿನೀರಿಗೆ ಇಳಿದ ಟಿಡ್‌ಮಾರ್ಷ್

ಅಕ್ಟೋಬರ್ ತಿಂಗಳ ಒಂದು ಸೋಮವಾರ, ಬೆಳಗಿನ ಏಳು ಗಂಟೆ. ಹೊಲದ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ನಮ್ಮ ನೆದರ್ ವಿಕ್ಲಿಯ ‘ಕುಂಟ ಟಗರು’ ಹೋಟೆಲಿನ ಮಹಡಿ ಕೋಣೆಯಲ್ಲಿ ಆಂಬ್ರೋಸ್ ಟಿಡ್‌ಮಾರ್ಷ್ ಎಂಬುವನು ಗಡ್ಡ ಹೆರೆದುಕೊಳ್ಳಲೆಂದು ಬಿಸಿನೀರಿನ ನಲ್ಲಿ ತಿರುಗಿಸಿದ. ನಲ್ಲಿ ಕೆಮ್ಮಿತು, ನರಳಿತು, ಕೊನೆಗೆ ಚಹಾದ ಬಣ್ಣದ ತಣ್ಣೀರನ್ನು ಒಂದು ಗುಟುಕು ಉಗುಳಿ ಸುಮ್ಮನಾಯಿತು.

ಫ್ರೆಂಚರವನಾಗಿದ್ದರೆ ಗಂಟೆ ಬಾರಿಸಿ ಇಡೀ ಹೋಟೆಲನ್ನೇ ಎಬ್ಬಿಸುತ್ತಿದ್ದ. ಟಿಡ್‌ಮಾರ್ಷ್ ಆ ಪೈಕಿಯಲ್ಲ. ವುಲ್ವರ್‌ಹ್ಯಾಂಪ್ಟನ್ನಿನ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳ ದೂರು ಕೇಳುವ ಮೇಜಿನ ಹಿಂದೆ ಕೂತು ತಲೆ ನರೆಸಿಕೊಂಡವನು ಅವನು. ದೂರು ಹೇಳುವವರ ಮುಖ ಎಷ್ಟು ವಿಕಾರವಾಗಿರುತ್ತದೆಂದು ಕಣ್ಣಾರೆ ಕಂಡವನಾದ್ದರಿಂದ ತಾನು ಮಾತ್ರ ಹುಟ್ಟಿದ ಮೇಲೆ ಯಾರ ಮೇಲೂ ದೂರಿರಲಿಲ್ಲ.

ಆದರೆ ಆವತ್ತು ಗಡ್ಡ ಹೆರೆಯದೆ ಇರುವಂತಿರಲಿಲ್ಲ. ಅದೇ ಅಂಗಡಿಯಲ್ಲಿ ಕೈಗವಸು ಮಾರುವ ಮಿಸ್ ಹೆಸ್ಟರ್ ಲವೆಲ್ ಪಕ್ಕದ ಲಡ್ಲೋ ಪಟ್ಟಣದಲ್ಲಿರುವ ತನ್ನ ಅಕ್ಕನ ಮನೆಗೆ ಬಂದಿದ್ದಳು. ಸಂಜೆ ನಾಲ್ಕಕ್ಕೆ ಅಲ್ಲಿಯ ಚಹಾದಂಗಡಿಯಲ್ಲಿ ಸಿಗುತ್ತೇನೆ ಎಂದು ಒಪ್ಪಿಕೊಂಡಿದ್ದಳು. ಅವಳನ್ನು ಮದುವೆಗೆ ಕೇಳಬೇಕೆಂದು ಇವನಿಗೆ ಬಹಳ ವರ್ಷದ ಆಸೆ. “ನೋಡಿ ಮಿಸ್ಟರ್ ಟಿಡ್‌ಮಾರ್ಷ್, ಕಾದು ಕಾದು ನನಗೂ ಸಾಕಾಗಿದೆ. ನೀವು ಬರದಿದ್ರೆ ನಿಮಗೆ ಮನಸ್ಸಿಲ್ಲ ಅಂತಲೇ ತಿಳ್ಕೋತೀನಿ” ಎಂದು ಅವಳು ಹೇಳಿಬಿಟ್ಟಿದ್ದಳು. ಧೈರ್ಯ ಗಟ್ಟಿಮಾಡಿಕೊಳ್ಳಲು ಒಂದು ರಾತ್ರಿ ಹಳ್ಳಿಯ ಹಳೇ ಹೋಟೆಲಿನಲ್ಲಿ ತಂಗೋಣ ಎಂದು ಇವನು ನಮ್ಮೂರಿಗೆ ಬಂದದ್ದು. ಲಡ್ಲೋಗೆ ಇಲ್ಲಿಂದ ದಿನಕ್ಕೆ ಒಂದೇ ಬಸ್ಸು. ಎರಡು ಗಂಟೆಗೆ ಹೋಟೆಲಿನ ಬಾಗಿಲಿಗೇ ಬಂದು ನಿಲ್ಲುತ್ತದೆ.

ಸರಿ, ಯಾರಿಗೂ ತೊಂದರೆ ಕೊಡದೆ ಒಂದು ಚೊಂಬು ಬಿಸಿನೀರು ತಂದುಕೊಳ್ಳೋಣ ಎಂದು ಅಂಗಿಯ ತೋಳು ಮಡಿಚಿಕೊಂಡು, ಖಾಲಿ ಜಗ್ಗು ಹಿಡಿದು ಮೆಟ್ಟಿಲಿಳಿದ. ಮೆಟ್ಟಿಲ ಬುಡದ ತಗ್ಗು ತೊಲೆ ಅವನ ಹಣೆಗೆ ಧಡ್ ಎಂದು ಬಡಿಯಿತು. ಆ ತೊಲೆ ನಾನೂರು ವರ್ಷದಿಂದ ಬಂದವರಿಗೆಲ್ಲ ಹೀಗೇ ಬಡಿಯುತ್ತಿದೆ.

“ಕ್ಷಮಿಸಿ” ಎಂದ ಟಿಡ್‌ಮಾರ್ಷ್, ತೊಲೆಗೆ.

ಅಷ್ಟರಲ್ಲಿ ಹಿಂಬಾಗಿಲು ತೆರೆದುಕೊಂಡಿತು. ಬಿಯರ್ ಪೀಪಾಯಿ ತರುವ ಲೆನ್ ಒಳಗೆ ಇಣುಕಿದ. ಮಡಿಚಿದ ತೋಳು ಕಂಡದ್ದೇ ಅವನ ಮುಖ ಅರಳಿತು. “ಏನಣ್ಣಾ, ಹೊಸಬನಾ? ಕೊನೆಗೂ ಆ ರೂಕ್ ಒಬ್ಬ ಆಳು ಇಟ್ಟನಲ್ಲಪ್ಪ! ಹಿಡಿ ಈ ಕಡೆ.”

“ಅದು… ನಾನು ನಿಜವಾಗಿ…”

“ಬೆನ್ನು ಬಗ್ಗಿಸ್ಬೇಡ, ಮಂಡಿ ಬಗ್ಗಿಸು. ಹಾಂ, ಎತ್ತು!”

ಪೀಪಾಯಿಯ ಒಂದು ತುದಿ ಆಗಲೇ ಎದೆಗೆ ಬಂದು ಕೂತಿರುವಾಗ, ನಾನು ಇಲ್ಲಿಯ ಅತಿಥಿ ಎಂದು ಹೇಳುವುದು ಯಾವ ಮರ್ಯಾದೆ? ಟಿಡ್‌ಮಾರ್ಷ್ ಎತ್ತಿದ. ಎಲ್ಲ ಪೀಪಾಯಿಗಳೂ ನೆಲಮಾಳಿಗೆಗೆ ಇಳಿಯುವ ಹೊತ್ತಿಗೆ ಅವನು ಹುಣ್ಣಿಮೆ ಚಂದ್ರನಿಗೆ ಕೆಂಪು ಬಣ್ಣ ಬಳಿದ ಹಾಗಾಗಿದ್ದ. ಕಿಟಕಿಯಾಚೆ ಹೋಟೆಲು ನಡೆಸುವ ಕ್ಲೆಮೆಂಟ್ ರೂಕ್ ಒಂದು ಕ್ಷಣ ಕಾಣಿಸಿಕೊಂಡ. ಟಿಡ್‌ಮಾರ್ಷ್ ಅವನತ್ತ ಆಸೆಯಿಂದ ಕೈ ಎತ್ತಿದ. ರೂಕ್ ಟೋಪಿ ಮುಟ್ಟಿ ನಮಸ್ಕರಿಸಿ, ಬೆಕ್ಕಿನ ಹಾಗೆ ಸದ್ದಿಲ್ಲದೆ ಮಾಯವಾದ.

ಅಡುಗೆಮನೆಯಲ್ಲಿ ಮಿಸೆಸ್ ಪ್ರೊಬರ್ಟ್ ಇದ್ದಳು. ಅವಳು ಬೇಯಿಸಿದ ಮೊಟ್ಟೆಯಲ್ಲಿ ನಮ್ಮೂರ ಹುಡುಗರು ಗೋಲಿ ಆಡಬಹುದು. “ಜಗ್ಗು ಯಾಕೆ ತಂದೆ ರಾಜಾ, ಇಲ್ಲಿ ಜಗ್ಗಿಗೇನು ಬರವೇ?” ಎಂದು ಅದನ್ನು ಕಿತ್ತುಕೊಂಡು, ಅವನ ಕೊರಳಿಗೆ ಒಂದು ಏಪ್ರನ್ ಹಾಕಿಯೇಬಿಟ್ಟಳು. “ಈ ಮೊಟ್ಟೆ ಒಳಗೆ ಕೂತಿರೋ ಆ ಮಿಸ್ ಕ್ರೇನ್ ಅಕ್ಕತಂಗಿಗೆ ಕೊಟ್ಟು ಬಾ. ಆರಿಹೋಗುತ್ತೆ, ಓಡು!”

“ಅಮ್ಮಾ, ತಮಗೆ ಬೇಜಾರಾಗದಿದ್ರೆ, ಒಂದು ಮಾತು…”

“ಬೇಜಾರು ಯಾಕಪ್ಪಾ? ಬಂದು ಹೇಳುವೆಯಂತೆ.”

ಅಕ್ಕತಂಗಿಯರಿಬ್ಬರೂ ಮೊಟ್ಟೆಯನ್ನು ಚಮಚದಿಂದ ತಟ್ಟಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಎಲ್ಲಾ ಸರಿಯಾಗಿದೆಯಾ?” ಎಂದ ಟಿಡ್‌ಮಾರ್ಷ್.

“ಭಾಳ ಚೆನ್ನಾಗಿದೆ, ಥ್ಯಾಂಕ್ಸ್” ಎಂದರು ಇಬ್ಬರೂ.

ಆದರೆ ಅವನು ದೂರಿನ ಮೇಜಿನ ಮನುಷ್ಯ. ಬಾಯಿಗೆ ಬಾರದ ದೂರು ಹುಬ್ಬಿನಲ್ಲಿ ಎಲ್ಲಿ ಕೂತಿರುತ್ತದೆಂದು ಅವನಿಗೆ ಗೊತ್ತು. ತಟ್ಟೆ ಎತ್ತಿಕೊಂಡು ಹೋಗಿ, ತಾನೇ ಮೆತ್ತಗೆ ಬೇಯಿಸಿದ ಎರಡು ಮೊಟ್ಟೆ ತಂದಿಟ್ಟ. ಅಕ್ಕನ ಕಣ್ಣಲ್ಲಿ ನೀರು ಬಂತು. “ಪ್ರತಿ ಶರತ್ಕಾಲಕ್ಕೂ ಬರ್ತೀವಿ ನಾವು. ಇಲ್ಲಿ ಮೊಟ್ಟೆಯ ಒಳಗಿನ ಹಳದಿ ಹರಿದದ್ದನ್ನ ನೋಡಿದ್ದು ಇದೇ ಮೊದಲು” ಎಂದಳು. ತಂಗಿ, ತೊಂದರೆಯಾಗದಿದ್ದರೆ ಬೆಂಕಿಗೂಡಿಗೆ ಇನ್ನೊಂದು ಕೊರಡು ಹಾಕಬಹುದೇ ಎಂದಳು. ಟಿಡ್‌ಮಾರ್ಷ್ ಹಾಕಿದ. ಆಮೇಲೆ ಅವರ ಹಾಸಿಗೆ ತಿರುವಿಹಾಕಿದ, ನಾಯಿಯನ್ನು ತಿರುಗಾಡಿಸಿಕೊಂಡು ಬಂದ. ಬಿಡುವಾದಾಗ ಹೇಳೋಣ ಎಂದುಕೊಂಡೇ ಇದ್ದ. ಬಿಡುವು ಮಾತ್ರ ಆಗಲಿಲ್ಲ.

ಮಧ್ಯಾಹ್ನ ಹೋಟೆಲಿನ ಬಿಯರ್ ಕೋಣೆಯ ಬಾಗಿಲು ತೆರೆಯುವ ಹೊತ್ತಿಗೆ ನಾವು ನಾಲ್ಕೈದು ಮಂದಿ ಎಂದಿನಂತೆ ಬೆಂಚಿನ ಮೇಲೆ ಕೂತೆವು. ಗಲ್ಲಾದ ಹಿಂದೆ ಗಡ್ಡ ಹೆರೆಯದ ಅಪರಿಚಿತನೊಬ್ಬ ನಿಂತಿದ್ದ. ಯಾರು ಎಂದು ನಾವು ಕೇಳಲಿಲ್ಲ. ನಮ್ಮೂರಲ್ಲಿ ಹಾಗೆಲ್ಲ ಕೇಳುವುದಿಲ್ಲ. ಬಾಗಿಲ ಮೇಲೆ ಮಾಲೀಕನದೆಂದು ಬರೆದ ಹೆಸರು ರೂಕ್‌ನದಲ್ಲ, ಯಾರೋ ಪಿಕ್‌ಥಾರ್ನ್ ಎಂಬುವನದು. ಅದನ್ನೂ ನಾವು ಎಂದೂ ಕೇಳಿದವರಲ್ಲ.

ಟಿಡ್‌ಮಾರ್ಷ್ ಮತ್ತೆ ತೊಲೆಗೆ ಹಣೆ ಬಡಿಸಿಕೊಂಡು ಮತ್ತೆ “ಕ್ಷಮಿಸಿ” ಎಂದ.

ಕುರಿ ಕಾಯುವ ಜೆಥ್ರೋ ಪೈಪು ಬಾಯಿಂದ ತೆಗೆದ. “ಓಹೋ! ತೊಲೆಗೆ ಕ್ಷಮಿಸಿ ಅಂದವನು ಆ ರೂಕ್ ಬಿಟ್ರೆ ನೀನೇ ಮರಿ. ಇರ್ಲಿ, ಹಳೇ ಪೀಪಾಯಿ ಮುಗೀತು. ಹೊಸದಕ್ಕೆ ನಲ್ಲಿ ಹೊಡಿ.”

“ನಾನು ಎರಡು ಗಂಟೆ ಬಸ್ಸು ಹಿಡೀಬೇಕು ಸ್ವಾಮಿ…”

“ಒಂದೇಟು ಅಷ್ಟೆ! ಸುತ್ತಿಗೆ ತಗೋ. ಮೆಲ್ಲಗೆ… ಅಲ್ಲ, ಜೋರಾಗಿ!”

“ಓರೆ ಆಯ್ತು, ಓರೆ ಆಯ್ತು!” ಎಂದ ಇನ್ನೊಬ್ಬ.

ಟಿಡ್‌ಮಾರ್ಷ್ ಹೊಡೆದ. ನಲ್ಲಿ ಕಪ್ಪೆಯಂತೆ ಎಗರಿ ಬೆಂಕಿಗೂಡಿನಲ್ಲಿ ಬಿತ್ತು. ತೂತಿನಿಂದ ಬಿಯರ್ ಕಾರಂಜಿಯಾಗಿ ಅವನ ಮುಖಕ್ಕೇ ಹೊಡೆಯಿತು. ಅವನು ಎರಡೂ ಅಂಗೈ ಒತ್ತಿ ಹಿಡಿದ.

“ಕೈ ತೆಗೆದೀಯಾ ಜೋಕೆ!” ಎಂದು ಎಲ್ಲರೂ ಕೂಗಿದೆವು. ಎದ್ದವರು ಯಾರೂ ಇಲ್ಲ.

ಹೊರಗೆ ಬಸ್ಸು ಬಂದು ನಿಂತು ಹಾರನ್ ಬಾರಿಸಿತು.

ಅದೇ ಹೊತ್ತಿಗೆ ರೂಕ್ ಮೆಟ್ಟಿಲಿಳಿದು ಬಂದ. ಮೈಮೇಲೆ ಕೋಟು, ತಲೆಗೆ ಟೋಪಿ, ಕೈಯಲ್ಲಿ ಧೂಳು ಹಿಡಿದ ಒಂದು ಸೂಟ್‌ಕೇಸು. ತೊಲೆಗೆ ಮಾತ್ರ ತಲೆ ಬಗ್ಗಿಸಿದ.

“ಮಿಸ್ಟರ್ ರೂಕ್! ದೇವರು ಕಳಿಸಿದ ಹಾಗೆ ಬಂದ್ರಿ. ತಮಗೆ ಹೇಗೆ ಹೇಳಲಿ… ನಾನು ಇಲ್ಲಿ ಕೆಲಸದವನಲ್ಲ. ಅತಿಥಿ!”

“ಗೊತ್ತು. ಬೆಳಿಗ್ಗೆಯಿಂದ ನೋಡ್ತಾ ಇದೀನಿ.”

“ಮತ್ತೆ ಹೇಳಬಾರದಿತ್ತಾ?”

“ನೀವು ಅಷ್ಟು ಚೆನ್ನಾಗಿ ಮಾಡ್ತಿರುವಾಗ ಮಧ್ಯೆ ಬಾಯಿ ಹಾಕೋದು ಚೆನ್ನಾಗಿರಲ್ಲ ಅನ್ನಿಸ್ತು.”

“ಹಾಗಾದ್ರೆ ಇದನ್ನ ಒಂದು ಚೂರು ಹಿಡ್ಕೊಳ್ತೀರಾ?”

ರೂಕ್ ಒಂದು ಹೆಜ್ಜೆ ಹಿಂದೆ ಸರಿದ. “ಕೋಪ ಮಾಡ್ಕೋಬೇಡಿ. ಒಂದ್ಸಲ ಹಿಡಿದ್ರೆ ಬಿಡೋಕಾಗಲ್ಲ, ಅದು ನನ್ನ ಅನುಭವ. ನಾನೂ ಇಲ್ಲಿಗೆ ಒಂದು ರಾತ್ರಿ ಇರೋಕೆ ಅಂತ ಬಂದವನೇ, ಟಿಡ್‌ಮಾರ್ಷ್. ಬೆಳಿಗ್ಗೆ ಬಿಸಿನೀರಿಗೆ ಅಂತ ಕೆಳಗಿಳಿದೆ. ಪಿಕ್‌ಥಾರ್ನ್ ಅದೇ ಮಧ್ಯಾಹ್ನದ ಬಸ್ಸಿಗೆ ಹೋದ.”

ಬೆಂಚಿನ ಮೇಲೆ ನಮ್ಮ ಲೋಟಗಳು ಅಲ್ಲಲ್ಲೇ ನಿಂತವು.

“ಮಹಡಿ ಕೋಣೆಯ ಆ ಬಿಸಿನೀರಿನ ನಲ್ಲೀನ ನಾನು ರಿಪೇರಿ ಮಾಡಿಸಲೇ ಇಲ್ಲ” ಎಂದು ರೂಕ್ ನಿಟ್ಟುಸಿರುಬಿಟ್ಟ. “ಯಾರಾದ್ರೂ ಇಳಿದು ಬರ್ತಾರೆ ಅಂತ ಕಾದೆ. ಬಂದವರೆಲ್ಲ ತಣ್ಣೀರಲ್ಲೇ ಮುಖ ತೊಳ್ಕೊಂಡು, ಭಾಳ ಚೆನ್ನಾಗಿತ್ತು ಅಂತ ಹೇಳಿ ಹೋದ್ರು. ನೀವೊಬ್ಬರೇ ಇಳಿದು ಬಂದದ್ದು.”

ಬಸ್ಸು ಮತ್ತೆ ಹಾರನ್ ಬಾರಿಸಿತು. ಮೂಗಿನಿಂದ ಬಿಯರು ತೊಟ್ಟಿಕ್ಕುತ್ತಿದ್ದ ಹಾಗೇ ಟಿಡ್‌ಮಾರ್ಷ್ ಕೊನೆಯ ಮಾತು ಹೇಳಿದ: “ಲಡ್ಲೋ ಚಹಾದಂಗಡಿಯಲ್ಲಿ ಮಿಸ್ ಲವೆಲ್ ಅಂತ ಇರ್ತಾರೆ. ನಾಳೆ ಖಂಡಿತ ಬರ್ತೀನಿ ಅಂತ ದಯವಿಟ್ಟು ತಿಳಿಸ್ತೀರಾ?”

“ಅಯ್ಯೋ, ಅದಕ್ಕೇನಂತೆ” ಎಂದ ರೂಕ್. ಯಾವುದಕ್ಕೂ ಇಲ್ಲ ಎನ್ನಲು ಗೊತ್ತಿಲ್ಲದ ಮನುಷ್ಯ.

ಮರುದಿನ ಟಿಡ್‌ಮಾರ್ಷ್‌ಗೆ ಹೋಗಲಾಗಲಿಲ್ಲ. ಮಿಸ್ ಕ್ರೇನ್ ಅಕ್ಕತಂಗಿ ಅವನ ಮೊಟ್ಟೆಗಾಗಿಯೇ ಇನ್ನೊಂದು ವಾರ ಉಳಿದಿದ್ದರು. ಅವರನ್ನು ಬಿಟ್ಟು ಹೋಗುವುದು ಹೇಗೆ? ಅವರು ಹೋಗುವಷ್ಟರಲ್ಲಿ ಬೇರೆಯವರು ಬಂದಿದ್ದರು.

ರೂಕ್ ಮಾತ್ರ ಮಾತಿಗೆ ತಪ್ಪಲಿಲ್ಲ. ಲಡ್ಲೋಗೆ ಹೋಗಿ ಹೇಳಬೇಕಾದ್ದನ್ನೆಲ್ಲ ಹೇಳಿದನಂತೆ. ಮಿಸ್ ಲವೆಲ್ ಎಲ್ಲ ಕೇಳಿಸಿಕೊಂಡು, “ಹೇಗೂ ಬಂದಿದ್ದೀರಿ, ಒಂದು ಕಪ್ಪು ಚಹಾ ಕುಡೀತೀರಾ?” ಎಂದಳಂತೆ. ಬೇಡ ಎನ್ನಲು ರೂಕ್‌ಗೆ ಬಾರದು. ಇನ್ನೊಂದು ಕಪ್ಪು ಎಂದಳು. ನದಿಯ ದಂಡೆಯಲ್ಲಿ ಅಡ್ಡಾಡಿ ಬರೋಣವೇ ಎಂದಳು. ಆಮೇಲೆ ಅವಳು ಕೇಳಿದ್ದಕ್ಕೂ ಇವನು ಇಲ್ಲ ಎನ್ನಲಿಲ್ಲ.

ಏಪ್ರಿಲ್ ತಿಂಗಳ ಒಂದು ಸೋಮವಾರ ಹೊಸ ಗಂಡ ಹೆಂಡತಿ ‘ಕುಂಟ ಟಗರು’ ಹೋಟೆಲಿಗೇ ಬಂದಿಳಿದರು. ಟಿಡ್‌ಮಾರ್ಷ್ ಇಬ್ಬರ ಕೈಯನ್ನೂ ಕುಲುಕಿ, ಅದೇ ಮಹಡಿ ಕೋಣೆ ಕೊಟ್ಟ. ಮರುದಿನ ಬೆಳಿಗ್ಗೆ ಏಳಕ್ಕೆ ಮೆಟ್ಟಿಲ ಬುಡದಲ್ಲಿ ತನ್ನ ಸೂಟ್‌ಕೇಸು ಪಕ್ಕಕ್ಕಿಟ್ಟುಕೊಂಡು ಕಿವಿಗೊಟ್ಟು ನಿಂತ. ಮೇಲೆ ನಲ್ಲಿ ಕೆಮ್ಮಿದ್ದು, ನರಳಿದ್ದು ಕೇಳಿಸಿತು. ಹೆಂಗಸಿನ ಹೆಜ್ಜೆ ಬಾಗಿಲ ತನಕ ಬಂತು. “ಬೇಡ ಹೆಸ್ಟರ್, ಬೇಡ! ನಿನ್ನ ದಮ್ಮಯ್ಯ!” ಎಂದು ರೂಕ್ ಕೂಗಿದ್ದು ಕೇಳಿಸಿತು. ಬದುಕಿನಲ್ಲಿ ಅವನು ಬೇಡ ಎಂದದ್ದು ಅದೊಂದೇ ಸಲವಿರಬೇಕು.

ಬಿಸಿನೀರಿಗೆಂದು ಯಾರೂ ಕೆಳಗಿಳಿಯಲಿಲ್ಲ. ಇಬ್ಬರೂ ತಣ್ಣೀರಲ್ಲೇ ಮುಖ ತೊಳೆದುಕೊಂಡು, ಮೆತ್ತಗಿನ ಮೊಟ್ಟೆ ತಿಂದು, “ಭಾಳ ಚೆನ್ನಾಗಿತ್ತು, ಥ್ಯಾಂಕ್ಸ್” ಎಂದು ಹೇಳಿ, ಮಂಗಳವಾರ ಎರಡು ಗಂಟೆ ಬಸ್ಸಿಗೆ ಹೊರಟುಹೋದರು.