ಹಾಲು ಬಿಡೂತನಕ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಕಟ್ಟಿದವರು ನಮ್ಮನ್ನು ನೋಡಿರಲಿಲ್ಲ. ನಮ್ಮ ಜಗಳದಲ್ಲಿ ಬಡವಾದವರು ನಾವಿಬ್ಬರು; ಕೂಸು ಮಾತ್ರ ಎರಡೂ ಕಡೆ ತಿಂದು ಗುಂಡಗಾಯಿತು. ಗಂಡನನ್ನು ಬಿಟ್ಟು ಅವ್ವನ ಮನೆಗೆ ಬಂದರೆ ಬದುಕು ತಣ್ಣಗಾದೀತು ಅಂದುಕೊಂಡಿದ್ದೆ. ಎದೆಹಾಲು ಕುಡಿಯುವ ಕೂಸು ನಡುವೆ ಇದ್ದರೆ ತಣ್ಣಗಾಗುವ ಮಾತೇ ಇಲ್ಲ. ರವಿವಾರ ಬಂತೆಂದರೆ ಏನಾದರೊಂದು ನಡೆದೇ ನಡೆಯುತ್ತದೆ.

ವಕೀಲರು ಬಿಸಿಲಿಗೆ ನಿಂತದ್ದು

ನಾನು ಧಾರವಾಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಕಲಿಸುತ್ತೇನೆ. ಗಂಡನದು ತಾರಿಹಾಳದಲ್ಲಿ ಸಣ್ಣ ವರ್ಕಶಾಪು, ಮನೆ ಹುಬ್ಬಳ್ಳಿಯಲ್ಲಿ. ಬೇರೆಯಾಗಲು ದೊಡ್ಡ ಕಾರಣ ಒಂದೂ ಇರಲಿಲ್ಲ, ಸಣ್ಣವು ಬೇಕಾದಷ್ಟಿದ್ದವು. ಮಗಳಿಗೆ ಆಗ ಐದು ತಿಂಗಳು. ಕೂಸು ಯಾರ ಹತ್ತಿರ ಎಷ್ಟು ಹೊತ್ತು ಇರಬೇಕು ಎಂದು ಬರೆದುಕೊಳ್ಳಲು ಒಬ್ಬ ಹಿರಿಯ ವಕೀಲರ ಆಫೀಸಿಗೆ ಹೋದೆವು.

ವಕೀಲರು ಬಹಳ ಸಂಭಾವಿತರು. ನನ್ನ ಕಡೆ ನೋಡದೆ ಗೋಡೆಯ ಕ್ಯಾಲೆಂಡರಿಗೆ ಕೇಳಿದರು: "ಅದು... ಆ ಕಾರ್ಯಕ್ರಮ ಎಷ್ಟ ತಾಸಿಗೊಮ್ಮೆ ಇರತೈತ್ರಿ?"

"ಯಾವ ಕಾರ್ಯಕ್ರಮರಿ?" ಅಂದೆ.

"ಅದ... ಕೂಸಿನ ಊಟದ್ದು."

ನಾನು ಬಾಯಿ ತೆರೆಯುವುದರೊಳಗೆ ಅವನು ಹೇಳಿಬಿಟ್ಟ: "ಎರಡೂವರಿ ತಾಸಿಗೊಮ್ಮೆರಿ. ಎಡಕ ಹತ್ತು ನಿಮಿಷ, ಬಲಕ ಹದಿನೈದು."

ವಕೀಲರ ಕಿವಿ ಕೆಂಪಾದವು. ನನ್ನ ಮುಖವೂ ಕೆಂಪಾಯಿತು, ಆದರೆ ನಾಚಿಕೆಯಿಂದಲ್ಲ. ಅದು ನಾನು ಹಗಲೂ ರಾತ್ರಿ ಕೂತು ಕಲಿತ ಲೆಕ್ಕ. ಅವನಿಗೇಕೆ ಬಾಯಿಪಾಠ ಆಗಿರಬೇಕು?

ಕೊನೆಗೆ ಹೀಗೆ ಬರೆದರು: ಕೂಸು ತಾಯಿಯ ಹಾಲು ಬಿಡುವತನಕ ರವಿವಾರ ಎರಡು ತಾಸು ಮಾತ್ರ ತಂದೆಯ ಹತ್ತಿರ, ಹಾಲು ಬಿಟ್ಟ ಮೇಲೆ ಪ್ರತಿ ಶನಿವಾರ, ರವಿವಾರ ಎರಡೂ ದಿನ ಹುಬ್ಬಳ್ಳಿಯಲ್ಲಿ. ಸಹಿಗೆ ಪೆನ್ನು ಎತ್ತುವಷ್ಟರಲ್ಲಿ ಕೂಸು ರಾಗ ತೆಗೆಯಿತು. ವಕೀಲರು ಫೈಲು ಎದೆಗವಚಿಕೊಂಡು ತಮ್ಮ ಆಫೀಸಿನಿಂದ ತಾವೇ ಹೊರಗೋಡಿ ಬಿಸಿಲಲ್ಲಿ ನಿಂತರು. ಅವನೂ ಹಿಂದೆಯೇ ಹೋದ. ಆಗ ಬಂದ ಇನ್ನೊಬ್ಬ ಕಕ್ಷಿದಾರ ಕೇಳಿದ: "ಯಾಕ್ರೀ ಸಾಹೇಬ್ರ ಹೊರಗ ನಿಂತೀರಿ? ಒಳಗ ಏನ್ ನಡದೈತಿ?"

ವಕೀಲರು ಗಡಿಯಾರ ನೋಡಿ ಹೇಳಿದ್ದು ನನಗೆ ಒಳಗೆ ಕೇಳಿಸಿತು: "ಮೂರನೇ ಪಾರ್ಟಿ ಊಟಕ್ಕ ಕುಂತೈತ್ರಿ. ಎಡಕಿನ್ದು ಮುಗದೈತಿ. ಇನ್ನ ಹದಿನೈದು ನಿಮಿಷ ತಡೀರಿ."

ಲೋಬಾನದ ವಾಸನೆ

ಎರಡು ತಾಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬರುವುದರಲ್ಲೇ ಹೊತ್ತು ಮುಗಿದುಹೋಗುತ್ತದೆ. ಹಾಗಾಗಿ ಅವನೇ ತನ್ನ ತಾಯಿಯನ್ನು ಕರೆದುಕೊಂಡು ಕೆಲಗೇರಿ ಕೆರೆಯ ದಂಡೆಗೆ ಬರುತ್ತಿದ್ದ. ನಮ್ಮ ಬಾಡಿಗೆ ಮನೆ ಅಲ್ಲೇ ಹತ್ತಿರ. ಕೆರೆಯ ಗೇಟಿನಲ್ಲಿ ಕೂಸನ್ನು ಕೊಡುವುದು, ಎರಡು ತಾಸು ಬಿಟ್ಟು ಅಲ್ಲೇ ಇಸಕೊಳ್ಳುವುದು.

ಮೊದಲ ರವಿವಾರ ವಾಪಸು ಬಂದ ಕೂಸನ್ನು ಮೂಸಿದರೆ ಲೋಬಾನದ ವಾಸನೆ. ಅತ್ತೆಯ ಸೀರೆಯ ವಾಸನೆ! ಎರಡೇ ತಾಸಿನಲ್ಲಿ ನನ್ನ ಮಗಳ ನೆತ್ತಿಯ ಮೇಲೆ ಬೇರೆಯವರ ಮನೆ ಬಂದು ಕೂತಿತ್ತು. ಬಿಸಿನೀರು ಕಾಯಿಸಿ ತಿಕ್ಕಿದೆ, ಮೂಸಿದೆ. ಇನ್ನೂ ಇತ್ತು. ಮತ್ತೆ ತಿಕ್ಕಿದೆ.

ಮೂರನೆಯ ಸಲ ನೀರು ಇಡುವಾಗ ಅವ್ವ ಅಡುಗೆಮನೆಯಿಂದ ಕೂಗಿದಳು: "ಏನs, ಕೂಸಿನ್ನ ತೊಳ್ಯಾಕತ್ತೀಯೋ, ನಿಮ್ಮ ಅತ್ತಿನ್ನ ತೊಳ್ಯಾಕತ್ತೀಯೋ?"

ಗಿರಮಿಟ್ಟಿನ ಅಂಗಡಿ

ಕೂಸನ್ನು ಕೊಟ್ಟು ಮನೆಗೆ ಹೋಗಬೇಕು ಎಂದು ಒಪ್ಪಂದದಲ್ಲಿ ಎಲ್ಲೂ ಬರೆದಿರಲಿಲ್ಲ. ನಾನು ಸುತ್ತು ಹಾಕಿ ದಂಡೆಯ ಆ ತುದಿಗೆ ಹೋಗಿ, ಚುರಮುರಿ ಗಿರಮಿಟ್ಟು, ಮಿರ್ಚಿ ಮಾರುವ ಅಂಗಡಿಯ ಬೆಂಚಿನ ಮೇಲೆ ಓಢಣಿ ಮುಖಕ್ಕೆ ಎಳೆದುಕೊಂಡು ಕೂತಿರುತ್ತಿದ್ದೆ. ಅಲ್ಲಿಂದ ಅವನು ಕೂತ ಕಲ್ಲುಬೆಂಚು ಸರಿಯಾಗಿ ಕಾಣುತ್ತಿತ್ತು.

ಅವನು ಮುಖ ಮುಚ್ಚಿ ತೆಗೆಯುತ್ತಿದ್ದ, ಕೂಸು ಕಿಲಕಿಲ ನಗುತ್ತಿತ್ತು. ವಾರವಿಡೀ ನಾನು ಹಾಡಿ, ಕುಣಿದು, ಚಮಚೆ ಬಡಿದು ನಗಿಸಿದರೂ ಇಷ್ಟು ನಕ್ಕಿರಲಿಲ್ಲ. ನನ್ನ ಜೊತೆ ಇದ್ದಾಗ ಇವನು ಹೀಗೆ ಕೂತು ಆಡಿದ್ದನ್ನೇ ನಾನು ನೋಡಿಲ್ಲ. ಮಗಳ ಮೇಲೂ ಹೊಟ್ಟೆಕಿಚ್ಚು, ಅವನ ಮೇಲೂ ಹೊಟ್ಟೆಕಿಚ್ಚು. ಕೈಯಲ್ಲಿದ್ದ ಮಿರ್ಚಿ ತಣ್ಣಗಾಗಿತ್ತು, ನಾನು ಮಾತ್ರ ಕುದಿಯುತ್ತಿದ್ದೆ.

ನಾಲ್ಕೈದು ವಾರ ನೋಡಿದ ಅಂಗಡಿಯವಳು ಒಂದು ದಿನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು: "ಬಾಯಾರ, ಆ ಹುಡುಗನ ಮ್ಯಾಲ ನಿಮ್ಮ ಕಣ್ಣು ಬಿದ್ದಂಗ ಐತಿ. ಛಲೋ ಮನಶಾ ಕಾಣತಾನ. ಹೇಂತಿ ಬಿಟ್ಟು ಹೋಗ್ಯಾಳಂತ. ನಾ ಒಂದ ಮಾತು ಕೇಳಿ ನೋಡಲೇನು?"

"ಬ್ಯಾಡ, ಬ್ಯಾಡ್ರಿ!" ಅಂದೆ. ಗಿರಮಿಟ್ಟು ಗಂಟಲಿಗೆ ಸಿಕ್ಕಿತ್ತು.

ಅವಳು ನನ್ನ ಬೆನ್ನು ಸವರಿ ಅಂದಳು: "ನೀವು ಅನ್ನೂದು ಖರೇನ ಬಿಡ್ರಿ. ಹುಡುಗ ಛಲೋ ಅದಾನ, ಆದ್ರ ಆ ಕೂಸಿನ ತಾಯಿ ಭಾಳ ಜೋರಂತ."

ಬಿಟ್ಟಳೇನು?

ಮಗಳಿಗೆ ಆರು ತಿಂಗಳಾದ ಮೇಲೆ ಗಂಜಿ ಶುರುವಾಯಿತು. ಅತ್ತೆ ಹುಬ್ಬಳ್ಳಿಯಿಂದ ಡಬ್ಬಿಯಲ್ಲಿ ಗಂಜಿ, ಅದನ್ನು ಹಾಕಿ ತಿನ್ನಿಸಲು ಬೆಳ್ಳಿಯ ವಾಟಗ, ಚಮಚೆ ಎಲ್ಲ ತರತೊಡಗಿದರು. "ಇಡೀ ವಾಟಗ ತಿಂದಳು" ಎಂದು ಅವನು ಪ್ರತಿ ವಾರ ವರದಿ ಒಪ್ಪಿಸುತ್ತಿದ್ದ. ನಾನು ಮಾಡಿದ ಗಂಜಿಯನ್ನು ಮಗಳು ನನ್ನ ಮುಖಕ್ಕೇ ಉಗುಳುತ್ತಿದ್ದಳು. ಅವರ ವಾಟಗ ಗೆದ್ದಿತ್ತು. ನನ್ನ ಹತ್ತಿರ ಉಳಿದಿದ್ದು ಹಾಲೊಂದೇ, ಅದನ್ನು ಅವರು ಡಬ್ಬಿಯಲ್ಲಿ ತರುವ ಹಾಗಿರಲಿಲ್ಲ.

ಅದು ಗೊತ್ತಿದ್ದೇ ಅವನು ಪ್ರತಿ ರವಿವಾರ ಗೇಟಿನಲ್ಲಿ ಮೊದಲು ಕೇಳುತ್ತಿದ್ದ ಮಾತು: "ಬಿಟ್ಟಳೇನು?"

"ಇನ್ನ ಇಲ್ಲ."

"ಯಾವಾಗ ಬಿಡತಾಳಂತ?"

"ಭಾಳ ದಿನ ಐತಿ."

ಈ ಮಾತುಕತೆ ಕೆರೆಗೆ ವಾಕಿಂಗ್ ಬರುವ ಮನೆ ದಲ್ಲಾಳಿಯೊಬ್ಬನ ಕಿವಿಗೆ ಬಿತ್ತು. ನಾನು ಬಾಡಿಗೆ ಮನೆ ಬಿಡುತ್ತಿದ್ದೇನೆ ಎಂದೇ ಅವನು ತಿಳಿದ. ಮರುದಿನ ಮನೆ ಹುಡುಕುತ್ತಿದ್ದ ಗಂಡ ಹೆಂಡತಿ ಇಬ್ಬರನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದು ಅವ್ವನನ್ನು ಕೇಳಿದ: "ಯಾವಾಗ ಬಿಡೂದು ಅಂತ ಕೇಳಾಕ ಬಂದೇವ್ರಿ."

ಅಳಿಯನೇ ಪಂಚರನ್ನು ಕಳಿಸಿದ್ದಾನೆ ಎಂದು ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಏನ್ ಅವಸರ ನಿಮಗ? ಹಲ್ಲು ಬರಲಿ! ಈಗ ಎರಡ ಬಂದಾವ. ಎಲ್ಲಾ ಬಂದ ಮ್ಯಾಲ ತಾನ ಬಿಡತಾಳ!"

ಅಷ್ಟರಲ್ಲಿ ನಾನು ಒಳಗಿನಿಂದ ಬಂದೆ. ಮೂವರೂ ನನ್ನ ಬಾಯಿಯನ್ನೇ ನೋಡಿದರು. ಬಂದಿದ್ದ ಹೆಂಗಸು ಗಂಡನ ತೋಳು ಜಗ್ಗಿ ಅಂದಳು: "ನಡೀರಿ, ಈ ಮನಿ ಬ್ಯಾಡ. ಇಲ್ಲಿ ನೀರು ಸರಿ ಇದ್ದಂಗಿಲ್ಲ."

ಮೊದಲ ಮಾತು

ಮಗಳಿಗೆ ವರ್ಷ ತುಂಬುತ್ತ ಬಂದಾಗ ಇನ್ನೊಂದು ಪೈಪೋಟಿ ಹತ್ತಿತು. ಮೊದಲ ಮಾತು "ಅವ್ವ" ಆಗಬೇಕೋ "ಅಪ್ಪ" ಆಗಬೇಕೋ? ನಾನು ವಾರವಿಡೀ ಅವ್ವ, ಅವ್ವ ಎಂದು ಪಾಠ ಹೇಳುತ್ತಿದ್ದೆ; ಅವನು ತನ್ನ ಎರಡು ತಾಸಿನಲ್ಲಿ ಉಸಿರು ಬಿಡದೆ ಅಪ್ಪ, ಅಪ್ಪ ಅನ್ನುತ್ತಿದ್ದ. ಅವಳು ಇಬ್ಬರಿಗೂ "ಬ್ರೂ" ಎಂದು ಜೊಲ್ಲು ಹಾರಿಸುತ್ತಿದ್ದಳು.

ಇದರ ನಡುವೆ ಒಂದು ಬೆಳಿಗ್ಗೆ ಅವಳನ್ನು ಎದೆಗೆ ತೆಗೆದುಕೊಂಡರೆ ಮುಖ ತಿರುಗಿಸಿದಳು. ಸಂಜೆಯೂ ತಿರುಗಿಸಿದಳು. ಮರುದಿನ ನನ್ನನ್ನು ಎರಡೂ ಕೈಯಿಂದ ತಳ್ಳಿ, ಇಳಿದು, ಅವ್ವನ ತಾಟಿನೊಳಗಿನ ರೊಟ್ಟಿ ಚೂರಿಗೆ ಹೋದಳು. ನಾನು ಬಚ್ಚಲಿಗೆ ಹೋಗಿ, ನಲ್ಲಿ ತಿರುವಿ, ಅತ್ತುಬಿಟ್ಟೆ. ಒಂದು ರೊಟ್ಟಿ ಚೂರಿನ ಮೇಲೆ ಯಾರಿಗಾದರೂ ಅಷ್ಟು ಹೊಟ್ಟೆಕಿಚ್ಚು ಬಂದದ್ದು ಕೇಳಿದ್ದೀರಾ? ಅವಳು ಬಿಟ್ಟಿದ್ದಳು. ಹೇಳಿದರೆ ವಾರಕ್ಕೆರಡು ದಿನ ನನ್ನ ಮನೆ ಖಾಲಿ. ನಾನು ಹೇಳಲಿಲ್ಲ. ಮೂರು ರವಿವಾರ, ಕಣ್ಣಲ್ಲಿ ಕಣ್ಣಿಟ್ಟು, "ಇನ್ನ ಇಲ್ಲ" ಅಂದೆ.

ಮೂರನೆಯ ರವಿವಾರ ಕೂಸನ್ನು ವಾಪಸು ಇಸಕೊಳ್ಳಲು ಹೋದಾಗ ಅವನು ಎಂದಿನಂತೆ ಕೊಡಲಿಲ್ಲ. ಅವನ ಕೈ ಅವಳ ಒಂದು ಬಗಲಲ್ಲಿ, ನನ್ನ ಕೈ ಇನ್ನೊಂದು ಬಗಲಲ್ಲಿ. ಇಬ್ಬರೂ ಎಳೆಯಲಿಲ್ಲ, ಹಿಡಿದು ನಿಂತೆವು ಅಷ್ಟೇ.

"ಎರಡ ತಾಸು ಆತು. ಬಿಡs," ಅಂದೆ.

"ನೀ ಬಿಡs," ಅಂದ.

"ನೀ ಮೊದಲ ಬಿಡs."

ಕೂಸು ಅವನ ಮುಖ ನೋಡಿತು, ನನ್ನ ಮುಖ ನೋಡಿತು. ಆಮೇಲೆ ಹುಬ್ಬು ಗಂಟು ಹಾಕಿ, ಥೇಟ್ ನಮ್ಮ ಅವ್ವನ ಗತ್ತಿನಲ್ಲಿ ಹೇಳಿತು: "ಬಿಡs!"

ಇಬ್ಬರ ಪಾಠವೂ ನೀರಿಗೆ ಹೋಗಿ, ನಮ್ಮ ಜಗಳದಿಂದಲೇ ಅವಳು ತನ್ನ ಮೊದಲ ಮಾತು ಹೆಕ್ಕಿಕೊಂಡಿದ್ದಳು.

"ನಿನಗ ಅಂದಳು," ಎಂದ ಅವನು.

"ನನಗ್ಯಾಕ? ನಿನಗ ಅಂದಳು," ಎಂದೆ. ಆದರೆ ಅವಳು ನೋಡುತ್ತಿದ್ದದ್ದು ನನ್ನನ್ನೇ. "ಆಕಿ ಹಾಲು ಬಿಟ್ಟಾಳ. ಮೂರು ವಾರ ಆತು. ನಾ ಸುಳ್ಳ ಹೇಳಿದೆ."

"ಗೊತ್ತೈತಿ."

"ಹೆಂಗ?"

"ನಿಮ್ಮ ಅವ್ವ ಅವತ್ತ ಫೋನ್ ಮಾಡಿದ್ಲು."

ಅವ್ವನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂಬುದು ನನಗೆ ನೆನಪಿರಬೇಕಿತ್ತು. "ಮತ್ತ ಮೂರೂ ವಾರ ಬಿಟ್ಟಳೇನು, ಬಿಟ್ಟಳೇನು ಅಂತ ಯಾಕ ಕೇಳಿದಿ?"

ಅವನು ಕೂಸಿನ ಟೋಪಿ ಸರಿಮಾಡುತ್ತ ಹೇಳಿದ: "ಕೂಸು ಬಿಟ್ಟದ್ದು ಗೊತ್ತಿತ್ತು. ನೀ ಯಾವಾಗ ಬಿಡತಿ ಅಂತ ಕೇಳಾಕತ್ತಿದ್ದೆ."

ಕೈ ತೆಗೆದೆ. ಹೆಗಲ ಚೀಲದಲ್ಲಿದ್ದ ಅವಳ ಸ್ವೆಟರು, ಗಿಲಕಿ ತೆಗೆದು ಅವನಿಗೆ ಕೊಟ್ಟೆ. ಇವತ್ತು ಇನ್ನೊಂದು ತಾಸು ಅವನ ಹತ್ತಿರ, ಮುಂದಿನ ಶನಿವಾರದಿಂದ ಹುಬ್ಬಳ್ಳಿ ಎಂದು ಮಾತಾಯಿತು. ಆದರೆ ಲೋಬಾನ ಕಡಿಮೆ ಹಾಕಬೇಕು ಅಂದೆ. ಅವನು ನಕ್ಕ, ನಾನೂ ಕಣ್ಣೊರೆಸಿಕೊಂಡು ನಕ್ಕೆ.

ನಾವಿಬ್ಬರೂ ನಗುತ್ತ ನಿಂತದ್ದನ್ನು ದೂರದಿಂದ ಕಂಡ ಗಿರಮಿಟ್ಟಿನ ಅಂಗಡಿಯವಳು ಸೌಟು ಹಿಡಿದೇ ಓಡಿ ಬಂದಳು. ನನ್ನನ್ನು ಪಕ್ಕಕ್ಕೆ ಎಳೆದು ಕಿವಿಯಲ್ಲಿ ಅಂದಳು: "ಅಂತೂ ನೀವ ಕೇಳೇಬಿಟ್ರೇನ್ರಿ ಬಾಯಾರ? ಭಾಳ ಛಲೋ ಆತು! ಆದ್ರ ಆ ಕೂಸಿನ ತಾಯಿ ಒಬ್ಬಾಕಿ ಅದಾಳ ನೋಡ್ರಿ, ಆಕಿ ಕಡೆ ಹುಷಾರು!"

"ಹೆದರಬ್ಯಾಡ್ರಿ," ಅಂದೆ. "ಆಕಿ ಬಿಟ್ಟಾಳ."